ಗಿನಿಪಿಗ್‌ನಲ್ಲಿ ಕೆಲಸ ಮಾಡಿದ ಆಂಟಿಹಿಸ್ಟಮಿನ್ ಮೌಸ್‌ನಲ್ಲಿ ಯಾಕೆ ಠುಸ್?

ಪ್ರಶ್ನೆ: ಮೇಡಂ ನಮಸ್ತೆ, ನಾನು ಎಂ.ಫಾರ್ಮಾ ಸ್ಟೂಡೆಂಟ್, ಅಲರ್ಜಿಕ್ ಅಸ್ತಮಾ ಮೇಲೆ ಪ್ರಾಜೆಕ್ಟ್. ಹಳೇ ಪೇಪರ್ ಯಾವ್ದು ತೆಗೆದ್ರೂ ಗಿನಿಪಿಗ್‌ಗೆ ಓವಾಲ್ಬುಮಿನ್ (ಮೊಟ್ಟೆ ಬಿಳಿಯ ಪ್ರೋಟೀನ್) ಕೊಟ್ಟು ಸೆನ್ಸಿಟೈಸ್ ಮಾಡಿ, ಅಂದ್ರೆ ಅದಕ್ಕೆ ಅಲರ್ಜಿ ಬರಿಸಿ, ಆಮೇಲೆ ಅದನ್ನೇ ಉಸಿರಲ್ಲಿ ಎಳೆಸಿದ್ರೆ ಶ್ವಾಸನಾಳ ಬಿಗಿಯುತ್ತೆ, ಆಂಟಿಹಿಸ್ಟಮಿನ್ (ಅಲರ್ಜಿ ರಾಸಾಯನಿಕ ಹಿಸ್ಟಮಿನ್ನನ್ನ ತಡೆಯೋ ಔಷಧಿ) ಮೊದಲೇ ಕೊಟ್ಟಿದ್ರೆ ಪ್ರಾಣಿ ಬಚಾವ್ ಅಂತ ಇದೆ. ನಾವು ಮೌಸ್‌ನಲ್ಲಿ ಅದೇ ಮಾಡಿದ್ವಿ, ಅಲಮ್ (ಇಮ್ಯೂನ್ ಸಿಸ್ಟಮ್ ಕೆರಳಿಸೋ ಅಲ್ಯೂಮಿನಿಯಂ ಲವಣ) ಸೇರಿಸಿನೇ ಇಂಜೆಕ್ಷನ್ ಕೊಟ್ವಿ, ಇಯೋಸಿನೋಫಿಲ್‌ಗಳೇನೋ (ಅಲರ್ಜಿ ಊತದಲ್ಲಿ ಸೇರೋ ಬಿಳಿ ರಕ್ತಕಣ) ದಂಡಿಯಾಗಿ ಬಂದಿವೆ ಆದ್ರೆ ಸೆಟ್ರಿಜಿನ್ ಅನ್ನೋ ಆಂಟಿಹಿಸ್ಟಮಿನ್ ಕೊಟ್ರೂ ಬಿಟ್ರೂ ಒಂದೇ, ಲಂಗ್ ತೊಳೆದ ನೀರಲ್ಲಿ ಹಿಸ್ಟಮಿನ್ನೂ ಸಿಗ್ತಿಲ್ಲ. ಎಲ್ಲಿ ಎಡವಿದ್ವಿ?

ಉತ್ತರ: ಎಡವಿದ್ದು ನೀವಲ್ಲ, ಪ್ರಾಣೀನೇ ಬೇರೆ. ಗಿನಿಪಿಗ್ ಶ್ವಾಸನಾಳದ ಸ್ನಾಯು ಹಿಸ್ಟಮಿನ್ ಅಂದ್ರೆ ಸಾಕು ಮುದುಡ್ಕೊಳ್ಳುತ್ತೆ, 1910ರಲ್ಲೇ ಡೇಲ್ ಮತ್ತು ಲೇಡ್ಲಾ ಇದನ್ನ ನೋಡಿದ್ರು, 1937ರಲ್ಲಿ ಬೋವೆ ಅವ್ರ ಗುಂಪು ಮೊದಲ ಆಂಟಿಹಿಸ್ಟಮಿನ್ ಹುಡುಕಿದ್ದೂ ಈ ಪಾಪದ ಗಿನಿಪಿಗ್ ನೆಚ್ಕೊಂಡೇ. ಮೌಸ್ ಸ್ನಾಯು ಹಿಸ್ಟಮಿನ್ ಸುರಿದ್ರೂ ಹೆಚ್ಚುಕಮ್ಮಿ ಕ್ಯಾರೇ ಅನ್ನಲ್ಲ. ಅದರ ಮಾಸ್ಟ್ ಸೆಲ್‌ಗಳಲ್ಲಿ (ಅಲರ್ಜಿ ಆದಾಗ ಹಿಸ್ಟಮಿನ್ ಬಿಡೋ ಸೆಲ್) ಹಿಸ್ಟಮಿನ್ ಜೊತೆ ಸೆರೊಟೋನಿನ್ ಅನ್ನೋ ಇನ್ನೊಂದು ರಾಸಾಯನಿಕ ಕೂಡ ತುಂಬಿರುತ್ತೆ, ಶ್ವಾಸನಾಳ ಬಿಗಿಯೋದು ಅದಕ್ಕೇ ಜಾಸ್ತಿ. ಅದೂ ಅಲ್ದೆ ಮೌಸ್‌ನಲ್ಲಿ ಮಾಸ್ಟ್ ಸೆಲ್‌ಗಳು ಟ್ರೇಕಿಯಾ (ಮುಖ್ಯ ಶ್ವಾಸನಾಳ), ದೊಡ್ಡ ಬ್ರಾಂಕಸ್ (ಅದರ ಕವಲು) ಸುತ್ತಮುತ್ತನೇ ಇರೋದು, ಲಂಗ್ ಒಳಗೆ ಹೋಗ್ತಾ ಹೋಗ್ತಾ ಅಪರೂಪ.

ಇನ್ನು ಅಲಮ್. ಅದು ಇಮ್ಯೂನ್ ಸಿಸ್ಟಮನ್ನ ಎಷ್ಟು ಜೋರಾಗಿ ಕೆರಳಿಸುತ್ತೆ ಅಂದ್ರೆ ಮಾಸ್ಟ್ ಸೆಲ್ಲೇ ಇಲ್ಲದ ಮೌಸ್‌ಗೂ ಇಯೋಸಿನೋಫಿಲ್ ಬರ್ತವೆ, ಹಾಗಾಗಿ ನಿಮ್ಮ ಮಾಡೆಲ್‌ನಲ್ಲಿ ಹಿಸ್ಟಮಿನ್‌ಗೆ ಪಾತ್ರಾನೇ ಉಳಿದಿಲ್ಲ. ಅಂದಹಾಗೆ ಲಂಗ್ ತೊಳೆದಿದ್ದು ಚಾಲೆಂಜ್ (ಓವಾಲ್ಬುಮಿನ್ ಉಸಿರಲ್ಲಿ ಎಳೆಸಿದ್ದು) ಆದ ಎಷ್ಟು ಹೊತ್ತಿಗೆ?

ಪ್ರಶ್ನೆ: 48 ಗಂಟೆ ಮೇಡಂ, ಇಯೋಸಿನೋಫಿಲ್ ಎಣಿಸೋಕೆ ಅದೇ ಸರಿ ಅಂದ್ರು.

ಉತ್ತರ: ಎಣಿಸೋಕೆ ಸರಿ. ಹಿಸ್ಟಮಿನ್‌ಗೆ ಅದು ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಅಲರ್ಜನ್ (ಇಲ್ಲಿ ಓವಾಲ್ಬುಮಿನ್) ಬಂದು ಮಾಸ್ಟ್ ಸೆಲ್ ಮೇಲಿನ ಆಂಟಿಬಾಡಿಗಳನ್ನ ಒಂದಕ್ಕೊಂದು ಕಟ್ಟಿದ ತಕ್ಷಣ ಕ್ಯಾಲ್ಸಿಯಂ ಒಳನುಗ್ಗಿ ಒಳಗೆ ಕಾಳು ಕಾಳಾಗಿ ಇಟ್ಟಿದ್ದ ಹಿಸ್ಟಮಿನ್ ಮಾಲು ಹೊರಗೆ, ಇದೆಲ್ಲ ನಿಮಿಷಗಳ ಆಟ, ಹೊರಬಿದ್ದ ಹಿಸ್ಟಮಿನ್ನನ್ನ ಎನ್ಜೈಮ್‌ಗಳು ಅಷ್ಟೇ ಬೇಗ ಮುರಿದುಹಾಕ್ತವೆ. ನಿಜವಾಗ್ಲೂ ಬಿಡುಗಡೆ ಅಳೀಬೇಕು ಅಂದ್ರೆ ಸೆನ್ಸಿಟೈಸ್ ಆದ ಪ್ರಾಣಿಯ ಲಂಗ್ ಅಥವಾ ಟ್ರೇಕಿಯಾ ಸಣ್ಣಗೆ ಕತ್ತರಿಸಿ, ಚೆನ್ನಾಗಿ ತೊಳೆದು, 37 ಡಿಗ್ರೀಲಿ ಕ್ಯಾಲ್ಸಿಯಂ ಇರೋ ಬಫರ್‌ನಲ್ಲಿಟ್ಟು ಓವಾಲ್ಬುಮಿನ್ ಹಾಕಿ, ಅರ್ಧ ಗಂಟೆಯೊಳಗೆ ಮೇಲಿನ ನೀರು ತೆಗೀರಿ. ಉಳಿದ ಚೂರನ್ನ ಆಸಿಡ್ ಹಾಕಿಯೋ ಕುದಿಸಿಯೋ ಮಿಕ್ಕಿದ್ದನ್ನೂ ಹೊರಗೆ ತಂದು, ಎರಡೂ ಕೂಡಿಸಿ ಅದ್ರಲ್ಲಿ ಶೇಕಡಾ ಎಷ್ಟು ಮೇಲಿನ ನೀರಿಗೆ ಬಂತು ಅಂತ ಲೆಕ್ಕ ಹಾಕ್ಬೇಕು. ಅಲರ್ಜನ್ ಹಾಕದ ಟ್ಯೂಬ್ ಒಂದು ಜೊತೇಲಿ ಇಡೋದು ಮರೀಬೇಡಿ, ಅದ್ರಲ್ಲೇ ಹಿಸ್ಟಮಿನ್ ಸಿಕ್ಕಾಪಟ್ಟೆ ಬಂದ್ರೆ ಕತ್ತರಿಸುವಾಗ್ಲೇ ಸೆಲ್ ಒಡೆದಿದೆ ಅಂತ, ಆ ದಿನದ ಕೆಲಸ ಎತ್ತಿ ಬಿಸಾಕಿ.

ಇನ್ನೊಬ್ಬರ ಪ್ರಶ್ನೆ: ಮಧ್ಯೆ ಬಾಯಿ ಹಾಕ್ತೀನಿ ಕ್ಷಮಿಸಿ, ನನಗೆ ಅಸ್ತಮಾ ಇದೆ, ಹಾಗಾದ್ರೆ ಮನುಷ್ಯರು ಗಿನಿಪಿಗ್ ಥರಾನೋ ಮೌಸ್ ಥರಾನೋ? ಡಾಕ್ಟ್ರು ಇನ್‌ಹೇಲರ್ ಕೊಟ್ಟಿದಾರೆ, ಸೆಟ್ರಿಜಿನ್ ಬರೀ ಮೂಗು ಸೋರೋದಕ್ಕೆ ಅಂತಾರೆ.

ಉತ್ತರ: ನಿಮ್ಮ ಡಾಕ್ಟ್ರು ಹೇಳಿದ್ದು ಸರಿ. ಹಿಸ್ಟಮಿನ್ ನಮ್ಮ ಶ್ವಾಸನಾಳಾನೂ ಬಿಗಿಸುತ್ತೆ, ಆ ಮಟ್ಟಿಗೆ ಗಿನಿಪಿಗ್ ಥರಾನೇ. ಆದ್ರೆ ನಮ್ಮ ಮಾಸ್ಟ್ ಸೆಲ್ ಹಿಸ್ಟಮಿನ್ ಬಿಟ್ಟು ಸುಮ್ನಿರಲ್ಲ, ಪ್ರೋಸ್ಟಗ್ಲಾಂಡಿನ್, ಲ್ಯೂಕೋಟ್ರೈನ್ ಅಂತ ಬೇರೆವನ್ನೂ ತಯಾರು ಮಾಡಿ ಬಿಡುತ್ತೆ. ಈ ಲ್ಯೂಕೋಟ್ರೈನ್ ನಿಧಾನಕ್ಕೆ ಹಿಡಿದು ತುಂಬಾ ಹೊತ್ತು ಬಿಡಲ್ಲ, ಸೆಟ್ರಿಜಿನ್ ಅದನ್ನ ಮುಟ್ಟೋದೂ ಇಲ್ಲ. ಅದರ ರಿಸೆಪ್ಟರ್ ತಡೆಯೋದು ಮಾಂಟೆಲುಕಾಸ್ಟ್. ಊತ ಇಳಿಸೋಕೆ ಸ್ಟೀರಾಯ್ಡ್ ಇನ್‌ಹೇಲರ್ರೇ ಬೇಕು.

ಪ್ರಶ್ನೆ: ಹಾಗಾದ್ರೆ ಮೇಡಂ ನಾವು ಸೀದಾ ಗಿನಿಪಿಗ್‌ಗೇ ಹೋಗ್ಲಾ?

ಉತ್ತರ: ನಿಮ್ಮ ಔಷಧಿ ಏನನ್ನ ತಡೆಯುತ್ತೆ ಅನ್ನೋದರ ಮೇಲೆ. ಸ್ನಾಯು ಬಿಗಿಯೋದನ್ನ ಆದ್ರೆ ಹೋಗಿ. ಐಜಿಇ (ಅಲರ್ಜಿ ಎಬ್ಬಿಸೋ ಆಂಟಿಬಾಡಿ) ತಡೆಯೋದಾದ್ರೆ ಬೇಡ, ಗಿನಿಪಿಗ್‌ನಲ್ಲಿ ಈ ರಿಯಾಕ್ಷನ್ ನಡೆಸೋದು ಮುಖ್ಯವಾಗಿ ಐಜಿಜಿ1 ಅನ್ನೋ ಬೇರೆ ಆಂಟಿಬಾಡಿ, ಅಲ್ಲಿ ಮತ್ತೆ ಕೈ ಸುಟ್ಕೋತೀರ. ಮೌಸ್ ಇನ್ನೂ ಉಳಿದಿದ್ರೆ ಅಲಮ್ ಬಿಟ್ಟು ಒಂದು ಬ್ಯಾಚ್ ಮಾಡಿ, ಸ್ಲೈಡ್‌ಗೆ ಟೊಲುಇಡಿನ್ ಬ್ಲೂ ಬಣ್ಣ ಹಾಕಿ ಮಾಸ್ಟ್ ಸೆಲ್ ಎಲ್ಲೆಲ್ಲಿದಾವೆ ಅಂತ ಮೊದ್ಲು ಕಣ್ಣಾರೆ ನೋಡಿ, ಫೋಟೋ ಇಲ್ಲೇ ಹಾಕಿ.