ನೆರೆ ಬಂದ ಊರಿಗೆ ಏನು ಒಯ್ಯಬೇಕು, ಸಾಮಾನೋ ದುಡ್ಡೋ? ಹೋಗಿ ಬಂದವರು ಅನುಭವ ಹೇಳಿ

ಕೆಟಿಜೆ ನಗರದ ಹುಡುಗ
ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ನಮ್ಮ ಬೀದಿಯ ಗಣಪತಿ ಮಂಡಳಿ ಹತ್ತಿರ 85,000 ರೂಪಾಯಿ ಇದೆ. ಈ ಸಲ ಪೆಂಡಾಲ್ ಸಣ್ಣದಾಗಿ ಹಾಕಿ, ಈ ದುಡ್ಡನ್ನು ನೆರೆಯಲ್ಲಿ ಸಿಕ್ಕವರಿಗೆ ಕೊಡೋಣ ಅಂತ ತೀರ್ಮಾನ ಮಾಡಿದ್ದೇವೆ. ಒಂದು ಪಿಕಪ್ ಗಾಡಿ ಸಿಗುತ್ತೆ, ಎಂಟು ಜನ ಬರೋಕೆ ತಯಾರಿದ್ದೇವೆ. ಹೊನ್ನಾಳಿ, ಹರಿಹರ ಕಡೆ ಹೊಳೆ ಉಕ್ಕಿದೆ. ಬೆಳಗಾವಿ ಕಡೆ ಇನ್ನೂ ಜಾಸ್ತಿ ಅಂತಾರೆ. ಹತ್ತಿರಕ್ಕೆ ಹೋಗೋದಾ, ದೂರಕ್ಕಾ? ಅಕ್ಕಿ ಬೇಳೆ ಒಯ್ಯೋದಾ, ಕೈಗೆ ದುಡ್ಡು ಕೊಡೋದಾ? ಭಾನುವಾರ ಹೊರಡಬೇಕು ಅಂತಿದೆ.

ಮಂಡಿಪೇಟೆ ಅಂಗಡಿ
ತಮ್ಮಾ, ಅಕ್ಕಿ ಬೇಳೆ ಬಿಡು. ಹುಲ್ಲು ಒಯ್ಯಿ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿದಾಗ ನಾನು ರಾಮದುರ್ಗ ಕಡೆ ಹೋಗಿದ್ದೆ. ಕೊಣ್ಣೂರಿನ ಹತ್ತಿರ ಹೆದ್ದಾರಿನೇ ಬಂದ್ ಆಗಿತ್ತು. ಎಲ್ಲರೂ ಬಿಸ್ಕತ್ತು, ನೀರಿನ ಬಾಟಲಿ ತಂದಿದ್ದರು. ಜನಕ್ಕೆ ಯಾರಾದರೂ ಊಟ ಕೊಡ್ತಾರೆ. ದನಕ್ಕೆ ಯಾರು ಕೊಡ್ತಾರೆ ಹೇಳು. ಬಣವೆ ಎಲ್ಲ ನೀರು ಪಾಲಾಗಿತ್ತು. ಎಮ್ಮೆ, ಎತ್ತು ರಸ್ತೆ ಮೇಲೆ ಹಸಿದು ನಿಂತಿದ್ದವು.

ಖರ್ಚು ಬರೆದಿಟ್ಟಿದ್ದೇನೆ. ಮಲೇಬೆನ್ನೂರಿನ ಕಡೆಯಿಂದ ಭತ್ತದ ಹುಲ್ಲು 24,000. ಲಾರಿ ಬಾಡಿಗೆ 19,000. ಹತ್ತಿಸೋಕೆ ಹಮಾಲಿ 2,800. ತಾಡಪಾಲು ಬಾಡಿಗೆ 900, ಹಗ್ಗ 650. ಕೊಣ್ಣೂರಿನ ದಾರಿ ಇಲ್ಲದ್ದಕ್ಕೆ ಧಾರವಾಡ, ಸವದತ್ತಿ ಸುತ್ತಿಕೊಂಡು ಹೋದೆವು. ಅದಕ್ಕೆ ಡ್ರೈವರ್ ಮತ್ತೆ 3,000 ಕೇಳಿದ. ಕೊಟ್ಟೆ. ಆ ತಾಡಪಾಲು ಕೊಟ್ಟವನು ಹರಿದದ್ದನ್ನು ಕೊಟ್ಟು ಮೋಸ ಮಾಡಿದ್ದ. ಹುಬ್ಬಳ್ಳಿ ದಾಟೋವರೆಗೂ ಬಿಡದೆ ಮಳೆ. ಅಲ್ಲಿ ಹೋಗಿ ಬಿಚ್ಚಿದರೆ ನಡುವಿನ ಕಟ್ಟುಗಳಿಂದ ಹಬೆ ಏಳ್ತಾ ಇತ್ತು. ಒಳಗೆ ಕೈ ಹಾಕಿದರೆ ಬಿಸಿ. ಬೂಷ್ಟಿನ ವಾಸನೆ. ಎಮ್ಮೆ ಮೂಸಿ ನೋಡಿ ಮುಖ ತಿರುಗಿಸಿತು. ಸುಮಾರು ಕಾಲು ಲೋಡ್ ಚೆಲ್ಲಬೇಕಾಯಿತು. ಆ ಸಂಕಟ ಇನ್ನೂ ಇದೆ ನನಗೆ. ಆದರೂ ಉಳಿದದ್ದು ಇಳಿಸೋಕೆ ಮೊದಲೇ ಖಾಲಿ. ಒಬ್ಬಜ್ಜ ಹೆಗಲ ಮೇಲೆ ಒಂದು ಹೊರೆ ಹೊತ್ತು ಮಳೆಯಲ್ಲೇ ಓಡಿದ.

ಹರಿಹರದ ಟೀಚರ್
ನಾನು ಸರ್ಕಾರಿ ಶಾಲೆಯಲ್ಲಿ ಕೆಲಸ ಮಾಡುವವಳು. ಗಂಗಾನಗರಕ್ಕೆ ನೀರು ಬಂತು ಅಂದರೆ ಶಾಲೆ ಕಾಳಜಿ ಕೇಂದ್ರ ಆಗುತ್ತೆ. ಮೊದಲು ಗಂಜಿ ಕೇಂದ್ರ ಅಂತಿದ್ದರು. ಕೈ ಮುಗಿದು ಒಂದು ಮಾತು ಹೇಳ್ತೀನಿ, ಹಳೇ ಬಟ್ಟೆ ತರಬೇಡಿ.

ಒಂದು ವರ್ಷ ಏಳನೇ ತರಗತಿಯ ಕೋಣೆ ಕಿಟಕಿಮಟ್ಟ ಬಟ್ಟೆ ತುಂಬಿತ್ತು. ಮೂಟೆ ಬಿಚ್ಚಿದರೆ ಹುಕ್ಕು ಕಿತ್ತ ರವಿಕೆ, ಮದುವೆ ಕೋಟು, ಸೊಂಟದ ದಾರ ಇಲ್ಲದ ಪೈಜಾಮ, ಒಂದೇ ಕಾಲಿನ ಸಾಕ್ಸು. ಕೆಳಗಿನ ಮೂಟೆಗಳು ನೆನೆದು ನಾರ್ತಾ ಇದ್ದವು. ಆ ಕೋಣೆಯಲ್ಲಿ ನಾಲ್ಕು ಸಂಸಾರ ಮಲಗಬಹುದಿತ್ತು. ಬಿಸಿಯೂಟದ ಅಕ್ಕಂದಿರು ಅಡುಗೆ ಬಿಟ್ಟು ಅದನ್ನು ವಿಂಗಡಿಸಬೇಕಾಯಿತು. ಕೊನೆಗೆ ಹೊತ್ತು ಹಾಕೋಕೆ ಟ್ರ್ಯಾಕ್ಟರ್‌ಗೆ 1,500 ನಾನೇ ಕೊಟ್ಟೆ. ಆ ದುಡ್ಡು ಇವತ್ತಿಗೂ ನನಗೆ ವಾಪಸ್ ಬಂದಿಲ್ಲ.

ಊಟ ತಾಲ್ಲೂಕು ಆಫೀಸಿನಿಂದ ಬರುತ್ತೆ. ಇಲ್ಲದೇ ಇದ್ದದ್ದು ಏನು ಗೊತ್ತಾ? ಹೆಂಗಸರ ಒಳಬಟ್ಟೆ, ಪ್ಯಾಡ್, ಹೊಸ ನೈಟಿ, ಬಕೆಟ್, ಮಗ್ಗು. ಮೊಬೈಲ್ ಚಾರ್ಜ್ ಮಾಡೋಕೆ ಎಕ್ಸ್‌ಟೆನ್ಷನ್ ಬೋರ್ಡ್. ಅಷ್ಟೂ ಜನಕ್ಕೆ ಎರಡೇ ಕಕ್ಕಸು, ಅದರಲ್ಲಿ ಒಂದರ ಚಿಲಕ ಇರಲಿಲ್ಲ. ಒಬ್ಬ ಬಾಣಂತಿ ಕತ್ತಲಾಗೋವರೆಗೂ ನೀರೇ ಕುಡಿಯದೆ ಕೂತಿದ್ದಳು. ನಲವತ್ತು ರೂಪಾಯಿಯ ಚಿಲಕ ಅದು.

ವಿದ್ಯಾನಗರ ನಿವೃತ್ತ
ನಾನು ಬ್ಯಾಂಕಿನಲ್ಲಿದ್ದವನು. 2018ರಲ್ಲಿ ಕೊಡಗಿನಲ್ಲಿ ಗುಡ್ಡ ಜರಿದಾಗ 25,000 ರೂಪಾಯಿ ಮುಖ್ಯಮಂತ್ರಿ ಪರಿಹಾರ ನಿಧಿಗೆ ಕಳಿಸಿದೆ. ರಸೀದಿ ಬಂತು. ಆಗ ಆದಾಯ ತೆರಿಗೆಯ 80ಜಿ ಸೆಕ್ಷನ್‌ನಲ್ಲಿ ಪೂರ್ತಿ ವಿನಾಯಿತಿ ಇತ್ತು. ಆಗ ನಮ್ಮ ಬಡಾವಣೆಯವರು ಗಾಡಿ ಮಾಡಿಕೊಂಡು ಮಡಿಕೇರಿಗೆ ಹೊರಟಿದ್ದರು. ಮಡಿಕೇರಿ ಸಂಪಾಜೆ ರಸ್ತೆನೇ ಕುಸಿದಿತ್ತು. ಸಾಮಾನು ದಾರಿಯಲ್ಲೇ ಒಂದು ಕಲ್ಯಾಣ ಮಂಟಪದಲ್ಲಿ ಇಳಿಸಿ ಬಂದರು. ಗಾಡಿ ಖರ್ಚೇ 16,000. ಆ ಹದಿನಾರು ಸಾವಿರವನ್ನೂ ನಿಧಿಗೆ ಹಾಕಿದ್ದರೆ ಯಾರಿಗಾದರೂ ತಲುಪುತ್ತಿತ್ತು. ಎಂಟು ಜನ ಹುಡುಗರು ನೆರೆ ಬಂದ ಊರಿಗೆ ಹೋದರೆ ಆ ಎಂಟು ಜನಕ್ಕೂ ಅಲ್ಲಿಯವರೇ ಊಟ ಹಾಕಬೇಕು.

ಮಂಡಿಪೇಟೆ ಅಂಗಡಿ
ಯಜಮಾನ್ರೇ, ನಾವು ಯಾರ ಊಟನೂ ಉಣ್ಣಲಿಲ್ಲ. ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಮನೆಯಿಂದಲೇ ಕಟ್ಟಿಕೊಂಡು ಹೋಗಿದ್ದೆವು. ಕುರ್ಚಿ ಮೇಲೆ ಕೂತು ದುಡ್ಡು ಕಳಿಸಿದವರು ಮೈ ನೆನೆಸಿಕೊಂಡು ಹೋದವರಿಗೆ ಹೀಗೆ ಅನ್ನಬಾರದು.

ವೇದಾವತಿ ದಂಡೆ, ಹಿರಿಯೂರು
ನೀವೆಲ್ಲ ಕೊಟ್ಟವರು. ನಾನು ತಗೊಂಡವನು. ನನ್ನ ಮಾತೂ ಕೇಳಿ.

2022ರಲ್ಲಿ ವಾಣಿವಿಲಾಸ ಸಾಗರ ಡ್ಯಾಂ, ನಾವು ಮಾರಿಕಣಿವೆ ಅಂತೀವಲ್ಲ ಅದು, 89 ವರ್ಷ ಆದಮೇಲೆ ಕೋಡಿ ಬಿತ್ತು. 1933ರಲ್ಲಿ ಬಿದ್ದದ್ದು ಬಿಟ್ಟರೆ ಆವಾಗಲೇ. ನೀರಿನ ಮಟ್ಟ 130 ಅಡಿ ಮುಟ್ಟಿತ್ತು. ಊರೂರಿಂದ ಜನ ಬಂದು ಬಾಗಿನ ಬಿಟ್ಟರು, ಫೋಟೋ ತೆಗೆಸಿಕೊಂಡರು. ನಮಗೂ ಖುಷಿ ಇತ್ತು. ಬರದ ನಾಡಿನಲ್ಲಿ ಮಾರಿಕಣಿವೆ ತುಂಬೋದು ಅಂದರೆ ಸಣ್ಣ ಮಾತಲ್ಲ. ಆಮೇಲೆ ಮಳೆ ನಿಲ್ಲಲೇ ಇಲ್ಲ. ಹೊಳೆ ನಮ್ಮ ಮನೆಯೊಳಗೆ ಬಂತು.

ನಮ್ಮದು ಮಣ್ಣಿನ ಗೋಡೆಯ ಮಾಳಿಗೆ ಮನೆ. ನೀರಿನಲ್ಲಿ ನಿಂತಾಗ ಬೀಳಲಿಲ್ಲ. ನೀರು ಇಳಿದು ಬಿಸಿಲು ಬಂದಮೇಲೆ ಗೋಡೆ ಬಿರುಕು ಬಿಟ್ಟಿತು. ಮೊದಲು ಬೆರಳು ತೂರುವಷ್ಟು, ಆಮೇಲೆ ಕೈ ತೂರುವಷ್ಟು. ಒಂದು ರಾತ್ರಿ ಅಡುಗೆಮನೆ ಕಡೆಯ ಗೋಡೆ ಹೊರಕ್ಕೆ ಬಿತ್ತು. ಆದರೆ ಅಷ್ಟು ಹೊತ್ತಿಗೆ ಸರ್ವೆ ಮಾಡುವವರು ಬಂದು ಹೋಗಿ ಆಗಿತ್ತು. ಅವರು ಬಂದಾಗ ಗೋಡೆ ನಿಂತಿತ್ತಲ್ಲ, ಅದಕ್ಕೆ ‘ಸಿ’ ಕೆಟಗರಿ, ಅಂದರೆ ಸ್ವಲ್ಪವೇ ಹಾನಿ. 50,000. ಪೂರ್ತಿ ಬಿದ್ದ ‘ಎ’ ಮನೆಗೆ ಆವಾಗ 5 ಲಕ್ಷ ಇತ್ತು. ಮನೆಗೆ ನೀರು ನುಗ್ಗಿದ್ದಕ್ಕೆ ತಕ್ಷಣದ್ದು ಅಂತ 10,000 ಬಂತು, ಸುಳ್ಳು ಹೇಳಲ್ಲ. ಮರು ಸರ್ವೆಗೆ ಅರ್ಜಿ ಕೊಟ್ಟೆ. ಜೆರಾಕ್ಸ್, ಫೋಟೋ ಪ್ರಿಂಟು, ಬಸ್ ಚಾರ್ಜು, ಬಿಟ್ಟ ಕೂಲಿ ಸೇರಿ 7,000 ಮೇಲೆ ಹೋಯಿತು. ಅರ್ಜಿ ಇನ್ನೂ ಅಲ್ಲೇ ಇದೆ.

ಎರಡು ಎಕರೆ ಈರುಳ್ಳಿ ಬೇರೆ. ಬೀಜ, ಗೊಬ್ಬರ, ಕಳೆ ಸೇರಿ ಎಕರೆಗೆ 45,000 ಹಾಕಿದ್ದೆ. ಕೊಳೆತು ನಾರಿತು. 2022ರ ಕೇಂದ್ರದ ನಿಯಮದಲ್ಲಿ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ಇತ್ತು, ಅದೂ 2 ಹೆಕ್ಟೇರ್‌ವರೆಗೆ ಮಾತ್ರ. ರಾಜ್ಯದವರು ಮೇಲೆ ಸೇರಿಸಿದರೂ ಬೀಜದ ದುಡ್ಡು ಹುಟ್ಟಲಿಲ್ಲ.

ಅಕ್ಕಿ ಚೀಲ ಕೊಟ್ಟು ಫೋಟೋ ಹಿಡಿದವರು ಬಹಳ ಜನ. ನನ್ನ ತಾಯಿ ಹರಿದ ಸೀರೆಯಲ್ಲಿ ನಿಂತ ಫೋಟೋ ಯಾವುದೋ ಫ್ಲೆಕ್ಸ್ ಮೇಲೆ ಬಂದಿತ್ತು. ಕೇಳಲೂ ಇಲ್ಲ.

ಮಂಡಿಪೇಟೆ ಅಂಗಡಿ
ಅಣ್ಣಾ, ನಿಮ್ಮ ತಾಯಿಯ ಫೋಟೋ ಹಾಕಿದ್ದು ತಪ್ಪು. ಆದರೆ ಫೋಟೋ ತೆಗೆಯೋದೇ ತಪ್ಪು ಅನ್ನಬೇಡಿ. ನನಗೆ ದುಡ್ಡು ಕೊಟ್ಟವರು ಮೂವತ್ತು ಅಂಗಡಿಯವರು. ಅವರಿಗೆ ಲೆಕ್ಕ ತೋರಿಸಬೇಡವಾ? ಲಾರಿ ಮುಂದೆ ಬ್ಯಾನರ್ ಕಟ್ಟಿದ್ದಕ್ಕೆ ಚೆಕ್‌ಪೋಸ್ಟ್‌ನಲ್ಲಿ ಬಿಟ್ಟರು. ಇಲ್ಲದಿದ್ದರೆ ಹುಲ್ಲು ಮಾರೋಕೆ ಹೊರಟಿದ್ದಾರೆ ಅನ್ನುತ್ತಿದ್ದರು.

ಹರಿಹರದ ಟೀಚರ್
ಹುಲ್ಲಿನ ಫೋಟೋ ತೆಗೀರಿ, ಲಾರಿಯ ಫೋಟೋ ತೆಗೀರಿ. ಬಿಲ್ಲಿನ ಫೋಟೋ ತೆಗೀರಿ. ತಟ್ಟೆ ಹಿಡಿದು ಸಾಲಲ್ಲಿ ನಿಂತ ಹೆಂಗಸಿನ ಮುಖ ಯಾಕೆ ಬೇಕು? ನಮ್ಮ ಶಾಲೆಗೆ ಬಂದವರು ಮಕ್ಕಳನ್ನು ಮತ್ತೆ ಸಾಲಾಗಿ ನಿಲ್ಲಿಸಿ ಬಾಳೆಹಣ್ಣು ಕೊಟ್ಟರು. ಮೊದಲನೇ ಸಲ ಫೋಟೋ ಸರಿ ಬರಲಿಲ್ಲವಂತೆ. ನಾನು ಗೇಟ್ ಹಾಕಿಸಿದೆ. ಅದಕ್ಕೆ ನನ್ನ ಮೇಲೆ ದೂರು ಹೋಯಿತು. ಮತ್ತೆ ಅಂಥವರು ಬಂದರೂ ಗೇಟ್ ಹಾಕಿಸೋಳೇ.

ಹೊನ್ನಾಳಿ ರೈತ
ಹೊನ್ನಾಳಿಯವನು ಮಾತಾಡ್ತೀನಿ. ಇದೆಲ್ಲ ಪರಿಹಾರದ ಮಾತು ಆಯಿತು, ಕಾರಣ ಯಾರೂ ಕೇಳ್ತಿಲ್ಲ. ಭದ್ರಾ ಡ್ಯಾಂನಿಂದ ಒಮ್ಮೆಲೇ ನೀರು ಬಿಡ್ತಾರೆ, ನಮ್ಮ ಗದ್ದೆ ಮುಳುಗುತ್ತೆ. ಎರಡು ದಿನ ಮೊದಲು ಸ್ವಲ್ಪ ಸ್ವಲ್ಪ ಬಿಟ್ಟರೆ ಏನು ಕಷ್ಟ? ನನ್ನ ಮೋಟಾರು ಹೊಳೆಯಲ್ಲಿ ಹೋಯಿತು. ರಿವೈಂಡಿಂಗ್ 6,500, ಸ್ಟಾರ್ಟರ್ ಪೆಟ್ಟಿಗೆ 4,200, ಪೈಪು 11,000.

ಭದ್ರಾ ಅಚ್ಚುಕಟ್ಟು
ಮೋಟಾರು ಹೋದದ್ದಕ್ಕೆ ಬೇಜಾರಿದೆ ಅಣ್ಣ. ಆದರೆ ಭದ್ರೆ ಮೇಲೆ ಹಾಕಬೇಡಿ. ಲಕ್ಕವಳ್ಳಿಯ ಭದ್ರಾ ಡ್ಯಾಂ 186 ಅಡಿ, 71 ಟಿಎಂಸಿ ಮೇಲೆ ಹಿಡಿಯುತ್ತೆ. ಅದು ತುಂಬೋದು ತಡ. ಜುಲೈನಲ್ಲಿ ನಿಮ್ಮ ಊರಿಗೆ ಮೊದಲು ಬರೋದು ತುಂಗೆ ನೀರು. ತುಂಗೆಗೆ ಕಟ್ಟಿದ ಗಾಜನೂರು ಡ್ಯಾಂ ಬರೀ 3.24 ಟಿಎಂಸಿ. ಶೃಂಗೇರಿ, ತೀರ್ಥಹಳ್ಳಿಯಲ್ಲಿ ಮಳೆ ಹಿಡಿದರೆ ಬಂದಷ್ಟೂ ಬಿಡಲೇಬೇಕು. ಕೂಡ್ಲಿಯಲ್ಲಿ ಎರಡೂ ಸೇರಿ ನಿಮ್ಮ ಕಡೆ ಬರುತ್ತೆ. ಭದ್ರೆಯನ್ನು ಮೊದಲೇ ಖಾಲಿ ಮಾಡಿ ಆಮೇಲೆ ಮಳೆ ಕೈಕೊಟ್ಟರೆ ನಮ್ಮ ಬೇಸಿಗೆ ಭತ್ತಕ್ಕೆ ಯಾರು ನೀರು ಕೊಡ್ತಾರೆ? ಕೊನೇ ಭಾಗದವರು ಒಣಗಿದ ನಾಲೆ ನೋಡಿಕೊಂಡು ಕೂತ ವರ್ಷಗಳು ನಿಮಗೆ ಗೊತ್ತಿಲ್ಲ.

ಹೊನ್ನಾಳಿ ರೈತ
ನಿಮ್ಮ ಭತ್ತಕ್ಕಾಗಿ ನಾವು ಮುಳುಗಬೇಕಾ? ಎರಡೂ ಡ್ಯಾಂ ಒಟ್ಟಿಗೆ ಬಿಟ್ಟ ವರ್ಷ ಬಂದು ನೋಡಿ. ಉಕ್ಕಡಗಾತ್ರಿ ಅಜ್ಜಯ್ಯನ ಸನ್ನಿಧಿವರೆಗೂ ನೀರು ಬರುತ್ತೆ, ರಸ್ತೆ ಕಾಣಲ್ಲ. ಆವಾಗ ತುಂಗೆ ಯಾವುದು, ಭದ್ರೆ ಯಾವುದು ಅಂತ ವಿಂಗಡಿಸಿ ತೋರಿಸಿ.

ವಿದ್ಯಾನಗರ ನಿವೃತ್ತ
ಹುಡುಗರು ಕೇಳಿದ್ದು ಡ್ಯಾಂ ಬಗ್ಗೆ ಅಲ್ಲ. ನಾನು ಮತ್ತೆ ಹೇಳ್ತೀನಿ, ನಿಧಿಗೆ ಕಳಿಸಿ. ಹಿರಿಯೂರಿನವರಿಗೆ ಬಂದ ದುಡ್ಡೂ ಸರ್ಕಾರದಿಂದಲೇ ಬಂದದ್ದು, ಯಾರ ಪಿಕಪ್ಪಿನಿಂದಲೂ ಅಲ್ಲ.

ವೇದಾವತಿ ದಂಡೆ, ಹಿರಿಯೂರು
ಸರ್, ಬಂದದ್ದು ಎಷ್ಟು ಅಂತಲೂ ಬರೆದಿದ್ದೇನೆ. ಅದನ್ನೂ ಓದಿ.

ಫಾರ್ಮಸಿಸ್ಟ್ ಅಕ್ಕ, ನ್ಯಾಮತಿ
ಎಲ್ಲರೂ ನೀರು ಏರಿದ ದಿನದ್ದೇ ಹೇಳ್ತಿದ್ದೀರಿ. ಕಾಯಿಲೆ ಬರೋದು ನೀರು ಇಳಿದಮೇಲೆ. ನಾನು ಕೆಲಸ ಮಾಡೋ ಕಡೆ ಅದೇ ಹೊತ್ತಿಗೆ ದಾನ ಕೊಡುವವರು ನಿಂತೇ ಹೋಗ್ತಾರೆ. ವಾಂತಿಭೇದಿ, ಗಾಯಕ್ಕೆ ಕೀವು, ಜ್ವರ. ಒಂದು ವರ್ಷ ಓಆರ್‌ಎಸ್ ಮುಗಿದು ನಾನು ನನ್ನ ದುಡ್ಡಲ್ಲಿ 3,400 ರೂಪಾಯಿಗೆ ತರಿಸಿದೆ. ಆಗ ಪಕ್ಕದ ಕೋಣೆಯಲ್ಲಿ ಬಿಸ್ಕತ್ತಿನ ಬಾಕ್ಸ್ ಇರುವೆ ಹಿಡಿದು ಬಿದ್ದಿತ್ತು.

ಬಾವಿ, ಸಂಪು ಮೊದಲು ಕೆಸರು ತೆಗೆಸಿ, ಹಳೇ ನೀರು ಖಾಲಿ ಮಾಡಿಸಬೇಕು. ಆಮೇಲೆ ಹೊಸ ನೀರಿಗೆ ಬ್ಲೀಚಿಂಗ್ ಪೌಡರ್, ಸಾವಿರ ಲೀಟರಿಗೆ ಸುಮಾರು ಎರಡೂವರೆ ಗ್ರಾಂ. ಒಂದು ಗಂಟೆ ಬಿಟ್ಟು ಬಳಸಬೇಕು. ಪೌಡರ್ ತೆರೆದಿಟ್ಟ ಚೀಲದ್ದಾದರೆ ಸತ್ವ ಇರಲ್ಲ, ಸೀಲ್ ಇರೋದೇ ತನ್ನಿ. ಕೆಸರು ಬಾಚುವವರಿಗೆ ಗಂಬೂಟು ಕೊಡಿ. ಇಲಿಯ ಉಚ್ಚೆ ಸೇರಿದ ನೀರು ಕಾಲಿನ ಗಾಯಕ್ಕೆ ತಾಗಿದರೆ ಇಲಿಜ್ವರ. 2018ರಲ್ಲಿ ಕೇರಳದಲ್ಲಿ ನೆರೆ ಇಳಿದಮೇಲೆ ಅದೇ ಆಯಿತು. ಅಲ್ಲಿ ವಾರಕ್ಕೊಮ್ಮೆ ಡಾಕ್ಸಿಸೈಕ್ಲಿನ್ ಮಾತ್ರೆ ಕೊಟ್ಟರು. ಅದನ್ನು ನೀವೇ ತಂದು ಹಂಚಬೇಡಿ. ಬಸುರಿಯರಿಗೆ, ಚಿಕ್ಕ ಮಕ್ಕಳಿಗೆ ಅದು ಆಗಲ್ಲ. ಡಾಕ್ಟರ್ ಮೂಲಕವೇ ಆಗಬೇಕು.

ಮಂಡಕ್ಕಿ ಭಟ್ಟಿ
ಒಳ್ಳೆ ಮಾತು. ತಿನ್ನೋಕೆ ಒಯ್ಯೋದಾದರೆ ಮಂಡಕ್ಕಿ ಒಯ್ಯಿರಿ. ಒಲೆ ಬೇಡ, ಹಗುರ. ಇಲ್ಲಿ ನಮ್ಮ ಭಟ್ಟಿಯಲ್ಲೇ ಸಿಗುತ್ತೆ. ನಾವು ಕಳಿಸಿದ ಚೀಲ ಒಂದೂ ವಾಪಸ್ ಬಂದಿಲ್ಲ.

ಹರಿಹರದ ಟೀಚರ್
ಮಳೆಯಲ್ಲಿ ಮಂಡಕ್ಕಿ ಸಂಜೆಯೊಳಗೆ ಮೆತ್ತಗಾಗುತ್ತೆ ಅಣ್ಣ. ಮಕ್ಕಳು ಮುಟ್ಟಲ್ಲ.

ಮಂಡಕ್ಕಿ ಭಟ್ಟಿ
ಒಳಗೆ ಪ್ಲಾಸ್ಟಿಕ್ ಚೀಲ ಹಾಕಿ ಬಾಯಿ ಕಟ್ಟಿದರೆ ಆಗಲ್ಲ ಟೀಚರ್. ಗೋಣಿಚೀಲದಲ್ಲಿ ಹಾಗೇ ತಂದವರ ತಪ್ಪನ್ನು ಮಂಡಕ್ಕಿ ಮೇಲೆ ಹಾಕಬೇಡಿ.

ಕೆಟಿಜೆ ನಗರದ ಹುಡುಗ
ಎಲ್ಲರಿಗೂ ಧನ್ಯವಾದ. ಹಿರಿಯೂರಿನ ಅಣ್ಣಂಗೆ ಒಂದು ಪ್ರಶ್ನೆ. ನಮ್ಮಲ್ಲಿ ಇಬ್ಬರು ಡಿಪ್ಲೊಮಾ ಸಿವಿಲ್ ಓದಿದವರು, ಒಬ್ಬ ಕಂಪ್ಯೂಟರ್ ಸೆಂಟರ್ ಇಟ್ಟಿದ್ದಾನೆ. ಅರ್ಜಿ, ಫೋಟೋ ಕೆಲಸಕ್ಕೆ ಕೂತರೆ ಉಪಯೋಗ ಆಗುತ್ತಾ?

ವೇದಾವತಿ ದಂಡೆ, ಹಿರಿಯೂರು
ಆಗುತ್ತೆ ತಮ್ಮಾ. ಆವಾಗ ನನಗೆ ಅಂಥವರು ಒಬ್ಬರೂ ಸಿಗಲಿಲ್ಲ. ಎಲ್ಲೇ ಹೋಗಿ, ಸರ್ವೆಗೆ ಬರುವವರಿಗಿಂತ ಮೊದಲು ಹೋಗಿ. ಗೋಡೆ ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ, ತಾರೀಖು ಕಾಣಬೇಕು. ನೀರು ನಿಂತ ಗುರುತು ಗೋಡೆ ಮೇಲೆ ಇರುತ್ತೆ, ಅದನ್ನು ಬಿಡಬೇಡಿ. ಯಾರೂ ಅದನ್ನು ತೊಳೆಯದ ಹಾಗೆ ಹೇಳಿ. ಬಿರುಕಿದ್ದರೆ ಸ್ಕೇಲ್ ಇಟ್ಟು ತೆಗೆಯಿರಿ. ಹಕ್ಕುಪತ್ರ ಇಲ್ಲದ ಮನೆಯವರನ್ನು ಬೇರೆ ಬರೆದುಕೊಳ್ಳಿ, ಅವರಿಗೆ ತೊಂದರೆ ಜಾಸ್ತಿ. ಆಧಾರ್ ಜೋಡಣೆಯಾದ ಖಾತೆ ಯಾವುದು ಅಂತ ನೋಡಿ. ನನ್ನ ಪಕ್ಕದ ಮನೆಯವನ ಹತ್ತು ಸಾವಿರ ಅವನು ಮರೆತೇ ಬಿಟ್ಟಿದ್ದ ಹಳೇ ಖಾತೆಗೆ ಹೋಗಿತ್ತು. ಆಮೇಲೆ ಗೋಡೆ ಬಿದ್ದರೆ ಯಾರಿಗೆ ಫೋನ್ ಮಾಡಬೇಕು ಅಂತ ನಿಮ್ಮ ನಂಬರ್ ಕೊಟ್ಟು ಬನ್ನಿ. ಬಿಸಿಲು ಬಂದಮೇಲೆ ಇನ್ನೊಂದು ಸಲ ಹೋಗೋಕಾಗುತ್ತಾ ನೋಡಿ, ಮಣ್ಣಿನ ಮನೆ ಬೀಳೋದು ಆವಾಗಲೇ.

ಮಂಡಿಪೇಟೆ ಅಂಗಡಿ
ಹೊನ್ನಾಳಿ ಕಡೆ ಹೋಗೋದಾದರೆ ಒಂದು ಪಿಕಪ್ ಹುಲ್ಲು ನನ್ನ ಲೆಕ್ಕದಲ್ಲಿ. ಹೊಸ ತಾಡಪಾಲು ಅಂಗಡಿಯಲ್ಲೇ ಇದೆ. ಶನಿವಾರ ಸಂಜೆ ಏಳರೊಳಗೆ ಬಂದರೆ ಹಮಾಲರು ಇರ್ತಾರೆ.