ಹ್ಯಾಂಕ್ ವಿಲಿಯಮ್ಸ್‌ನ ಆ ಹಾಡಿನಲ್ಲಿ ಅಳುವುದಕ್ಕೆ ಕಾರಣವೇ ಇಲ್ಲವಲ್ಲ?

ರಾತ್ರಿಪಾಳಿ:
ನನ್ನದು ರಾತ್ರಿ ಪಾಳಿಯ ಕೆಲಸ. ಎರಡು ಗಂಟೆ ಕಳೆದ ಮೇಲೆ ಕೆಲಸ ಕಡಿಮೆ, ಕಿವಿಗೆ ಏನಾದರೂ ಹಾಕಿಕೊಂಡು ಕೂರುತ್ತೇನೆ. ಹೋದ ವಾರ ಅಮೆರಿಕದ ಹಳ್ಳಿಗಾಡಿನ ‘ಕಂಟ್ರಿ’ ಸಂಗೀತದ ಗಾಯಕ ಹ್ಯಾಂಕ್ ವಿಲಿಯಮ್ಸ್ ಹಾಡಿದ ‘ಐ ಆಮ್ ಸೋ ಲೋನ್‌ಸಮ್ ಐ ಕುಡ್ ಕ್ರೈ’ (ಅಳಬಲ್ಲೆ, ಅಷ್ಟು ಒಂಟಿ ನಾನು) ತಾನಾಗಿಯೇ ಬಂದು ಬಿತ್ತು. ಮೂರು ನಿಮಿಷವೂ ಇಲ್ಲದ ಹಾಡನ್ನು ಬೆಳಗಾಗುವುದರೊಳಗೆ ಹನ್ನೊಂದು ಸಲ ಕೇಳಿದೆ. ಅದರಲ್ಲಿರುವುದು ಒಂದು ಹಕ್ಕಿ, ಒಂದು ರೈಲು, ಮೋಡದ ಹಿಂದೆ ಹೋದ ಚಂದ್ರ, ಉದುರುವ ಎಲೆ, ಬೀಳುವ ನಕ್ಷತ್ರ. ಯಾರೂ ಸತ್ತಿಲ್ಲ, ಯಾರೂ ಮೋಸ ಮಾಡಿಲ್ಲ. ಹೆಂಡತಿಯೊಂದಿಗಿನ ಜಗಳದಿಂದ ಹುಟ್ಟಿದ ಹಾಡು ಎನ್ನುತ್ತಾರೆ, ನಿಜವೇ? ಆ ವಿಪ್-ಪೂರ್-ವಿಲ್ ಯಾವ ಹಕ್ಕಿ? ಆ ಕಾಲಕ್ಕೆ ಇದು ಜನಪ್ರಿಯವಾಗಿತ್ತೇ?

ತಂತಿವಾದ್ಯ:
ನಾನು ಹವಾಯಿಯನ್ ಗಿಟಾರನ್ನು ಅರ್ಧಂಬರ್ಧ ಕಲಿತವನು. ಈ ಹಾಡನ್ನು ನುಡಿಸಲು ಹೋಗಿ ನಾಲ್ಕು ತಿಂಗಳು ಒದ್ದಾಡಿ ಸೋತಿದ್ದೇನೆ. ಸೋತವನ ಉತ್ತರ ಉದ್ದವೇ ಇರುತ್ತದೆ, ಸಹಿಸಿಕೊಳ್ಳಿ.

ಹೆಂಡತಿ ಆಡ್ರಿಯೊಂದಿಗೆ ಅವನಿಗೆ ಜಗಳವಿದ್ದದ್ದು ನಿಜ, 1952ರಲ್ಲಿ ವಿಚ್ಛೇದನವೂ ಆಯಿತು. ಆದರೆ ಈ ಹಾಡು ಧ್ವನಿಮುದ್ರಣವಾದದ್ದು 1949ರ ಆಗಸ್ಟ್ 30ರಂದು. ಆ ವರ್ಷ ಅವನಿಗೆ ಹೇಗಿತ್ತು ನೋಡಿ. ‘ಲವ್‌ಸಿಕ್ ಬ್ಲೂಸ್’ ಕಂಟ್ರಿ ಪಟ್ಟಿಯಲ್ಲಿ 16 ವಾರ ಮೊದಲ ಸ್ಥಾನದಲ್ಲಿ ಕೂತಿತ್ತು. ಮೇ ತಿಂಗಳಲ್ಲಿ ಮಗ ಹುಟ್ಟಿದ್ದ. ಜೂನ್ 11ರಂದು ನ್ಯಾಶ್‌ವಿಲ್‌ನ ಗ್ರ್ಯಾಂಡ್ ಓಲ್ ಆಪ್ರಿ ಎಂಬ ಹೆಸರಾಂತ ಕಂಟ್ರಿ ರೇಡಿಯೋ ಕಾರ್ಯಕ್ರಮದ ವೇದಿಕೆಗೆ ಮೊದಲ ಸಲ ಹತ್ತಿ ಜನರನ್ನು ಹುಚ್ಚೆಬ್ಬಿಸಿದ್ದ. ಬಯಸಿದ್ದೆಲ್ಲ ಕೈಸೇರಿದ ಇಪ್ಪತ್ತೈದರ ಹುಡುಗ ಆ ಆಗಸ್ಟಿನಲ್ಲಿ ನಿಂತು ಹಾಡಿದ್ದು ಇದನ್ನು! ಜಗಳದ ಕಥೆ ನನಗೆ ಸಾಲದು ಎನಿಸುವುದು ಇದಕ್ಕೇ.

ನನ್ನ ಅನುಮಾನ ಆ ರೈಲಿನ ಮೇಲೆ. ಅವನು ಅಲಬಾಮಾದ ಮೌಂಟ್ ಆಲಿವ್‌ನವನು, ತಂದೆ ಮರದ ಕಂಪನಿಯೊಂದರ ದಿಮ್ಮಿ ಸಾಗಿಸುವ ರೈಲು ಓಡಿಸುತ್ತಿದ್ದರು. 1930ರಲ್ಲಿ ತಂದೆ ಮಾಜಿ ಸೈನಿಕರ ಆಸ್ಪತ್ರೆ ಸೇರಿದರು, ಹೊರಗೆ ಬರುವಷ್ಟರಲ್ಲಿ ಸುಮಾರು ಎಂಟು ವರ್ಷ ಕಳೆದಿತ್ತು. ಹುಡುಗನಿಗೆ ಹುಟ್ಟಿನಿಂದಲೇ ಬೆನ್ನುಹುರಿಯ ತೊಂದರೆ ಬೇರೆ. ಅವನಿಗೆ ಗಿಟಾರ್ ಹಿಡಿಯಲು ಕಲಿಸಿದವರು ರೂಫಸ್ ಪೇನ್ ಎಂಬ ಕರಿಯ ಬೀದಿ ಗಾಯಕರು, ಊರವರ ಬಾಯಲ್ಲಿ ಟೀ-ಟಾಟ್. ಅಂಥ ಮಗುವಿನ ಕಿವಿಗೆ ನಡುರಾತ್ರಿಯ ರೈಲಿನ ಕೂಗು ಏನೆಂದು ಕೇಳಿಸಿರಬಹುದು? ಇದು ನನ್ನ ಊಹೆ, ಪುರಾವೆ ಕೇಳಬೇಡಿ.

ಇನ್ನು ಸಂಗೀತ. ಸ್ವರಗಳು ಹೆಚ್ಚುಕಡಿಮೆ ನಮ್ಮ ಶಂಕರಾಭರಣದವು. ಅಳುವಿಗೆಂದು ನಾವು ಎತ್ತಿಕೊಳ್ಳುವ ಶುಭಪಂತುವರಾಳಿಯ ನೆರಳೂ ಅದರ ಮೇಲೆ ಬೀಳುವುದಿಲ್ಲ. ಲಯ ಮೂರರದು, ತಿಶ್ರ ಎನ್ನಿ. ತೊಟ್ಟಿಲು ತೂಗುವ ನಡೆ. ಇದನ್ನು ಮೊದಲು ಹಾಡುವುದಕ್ಕಲ್ಲ, ಮಾತಿನಂತೆ ಹೇಳುವುದಕ್ಕೆ ಬರೆದಿದ್ದ ಎಂದು ಅವನ ಜೀವನಚರಿತ್ರೆ ಬರೆದವರು ಹೇಳುತ್ತಾರೆ. ಹಾಡುವಾಗಲೂ ಅವನು ಎಲ್ಲಿಯೂ ಬಿಕ್ಕುವುದಿಲ್ಲ. ಒಂದೆರಡು ಕಡೆ ಸ್ವರ ಒಡೆಯುತ್ತದೆ, ಅಷ್ಟೇ. ಅಳಬಲ್ಲೆ ಎನ್ನುತ್ತಾನೆಯೇ ಹೊರತು ಅಳುತ್ತಿದ್ದೇನೆ ಎನ್ನುವುದಿಲ್ಲ. ಸ್ಟೀಲ್ ಗಿಟಾರ್, ಎಂದರೆ ನಾನು ಕಲಿತ ಹವಾಯಿಯನ್ ಗಿಟಾರಿನ ಜಾತಿಯದೇ, ನುಡಿಸಿದವನು ಜೆರ್ರಿ ಬರ್ಡ್. ಆ ಜಾರು ನನ್ನ ಕೈಗೆ ಇಂದಿಗೂ ದಕ್ಕಿಲ್ಲ. ನಾನು ಜಾರಿಸಿದರೆ ಬೆಕ್ಕು ಕೂಗಿದಂತಾಗುತ್ತದೆ.

ಜನಪ್ರಿಯವಾಗಿತ್ತೇ ಎಂದಿರಿ. ಇಲ್ಲ. ಗ್ರಾಮಫೋನ್ ತಟ್ಟೆಯ ಮುಂಬದಿಗೆ ಹಾಕಿದ್ದು ಅದೇ ದಿನ ಮುದ್ರಿಸಿದ, ತೂತು ಬಿದ್ದ ಬಕೆಟ್ಟಿನ ತಮಾಷೆ ಹಾಡನ್ನು. ಅದು ಕಂಟ್ರಿ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೆ ಏರಿತು. ನಮ್ಮ ಹಾಡು ಹಿಂಬದಿಗೆ ಹೋಯಿತು. ಬಕೆಟ್ಟಿಗೆ ಮುಂಬಾಗಿಲು, ಚಂದ್ರನಿಗೆ ಹಿತ್ತಿಲು!

ಹಕ್ಕಿಹುಚ್ಚು:
ಹಕ್ಕಿಯ ವಿಷಯ ನಾನು ಹೇಳುತ್ತೇನೆ. ವಿಪ್-ಪೂರ್-ವಿಲ್ ನೈಟ್‌ಜಾರ್ ಕುಟುಂಬದ್ದು. ಸಂಜೆ ಹಳ್ಳಿಯ ಮಣ್ಣುದಾರಿಯಲ್ಲಿ ಬೈಕಿನ ಬೆಳಕಿಗೆ ಕೆಂಡದಂತೆ ಕಣ್ಣು ಹೊಳೆಯಿಸಿ, ಚಕ್ರದ ಹತ್ತಿರದಿಂದ ಸದ್ದಿಲ್ಲದೆ ಏಳುವ ನಮ್ಮ ಹಕ್ಕಿಯ ದೂರದ ನೆಂಟ. ಹಗಲೆಲ್ಲ ತರಗೆಲೆಯ ನಡುವೆ ತರಗೆಲೆಯಾಗಿಯೇ ಕೂತಿರುತ್ತದೆ. ಕತ್ತಲಾದ ಮೇಲೆ ತನ್ನ ಹೆಸರನ್ನೇ ನೂರಾರು ಸಲ ಬಿಡದೆ ಕೂಗುತ್ತದೆ. ಹಾಡಿನಲ್ಲಿ ಅದಕ್ಕೆ ಹಾರಲಾರದಷ್ಟು ದುಃಖ; ವಾಸ್ತವದಲ್ಲಿ ಅದು ಹಾರುತ್ತಲೇ ಪತಂಗ ಹಿಡಿದು ಹೊಟ್ಟೆ ಹೊರೆಯುತ್ತದೆ. ಕವಿಗೆ ಮಾಫಿ. ಎಲೆ ಉದುರುವಾಗ ಅಳುವ ರಾಬಿನ್ ಕೂಡ ನಮ್ಮ ಮಡಿವಾಳ ಹಕ್ಕಿಯಲ್ಲ, ಇಟ್ಟಿಗೆ ಬಣ್ಣದ ಎದೆಯ ಅಮೆರಿಕದ ರಾಬಿನ್.

ಓಹಾಯೊ ನಿವಾಸಿ:
ನಾನಿರುವುದು ಸಿನ್ಸಿನಾಟಿಯಲ್ಲಿ. ಹಾಡು ಮುದ್ರಣವಾದ ಹೆರ್ಜಾಗ್ ಸ್ಟುಡಿಯೋ ಇದ್ದದ್ದು ಇಲ್ಲಿನ ರೇಸ್ ಸ್ಟ್ರೀಟಿನಲ್ಲಿ. ಕಚೇರಿಯ ಕೆಲಸಕ್ಕೆಂದು ಆ ದಾರಿಯಲ್ಲಿ ಎರಡು ವರ್ಷ ಓಡಾಡಿದ ಮೇಲೆ ಗೊತ್ತಾಯಿತು. ನಾನು ನೆನೆಯುವುದು ಇನ್ನೊಂದನ್ನು. 1953ರ ಹೊಸ ವರ್ಷದ ದಿನ ಹ್ಯಾಂಕ್ ಹಾಡಬೇಕಿದ್ದದ್ದು ಇದೇ ಓಹಾಯೊದ ಕ್ಯಾಂಟನ್ ಊರಿನಲ್ಲಿ. ಬಾಡಿಗೆಗೆ ಹಿಡಿದ ಕಾಲೇಜು ಹುಡುಗನೊಬ್ಬ ಕಾರು ಓಡಿಸುತ್ತಿದ್ದ. ವೆಸ್ಟ್ ವರ್ಜೀನಿಯಾದ ಓಕ್ ಹಿಲ್‌ನಲ್ಲಿ ನಿಲ್ಲಿಸಿ ನೋಡಿದರೆ ಹಿಂದಿನ ಸೀಟಿನಲ್ಲಿ ದೇಹ ತಣ್ಣಗಾಗಿತ್ತು. ವಯಸ್ಸು 29.

ರಾತ್ರಿಪಾಳಿ:
ಹಿಂಬದಿಗೆ ಹಾಕಿದ ಹಾಡು ಮತ್ತೆ ಮುಂದೆ ಬಂದದ್ದು ಹೇಗೆ, ತಂತಿವಾದ್ಯ ಸರ್?

ತಂತಿವಾದ್ಯ:
ಬೇರೆಯವರ ಗಂಟಲಿನಿಂದ. 1966ರಲ್ಲಿ ಬಿ. ಜೆ. ಥಾಮಸ್ ಹಾಡಿದ್ದು ಅಮೆರಿಕದ ಪಾಪ್ ಪಟ್ಟಿಯಲ್ಲಿ ಎಂಟನೇ ಸ್ಥಾನ ಮುಟ್ಟಿತು. 1973ರ ಜನವರಿಯಲ್ಲಿ ಎಲ್ವಿಸ್ ಪ್ರೀಸ್ಲಿ ಹೊನೊಲುಲುವಿನಲ್ಲಿ, ಉಪಗ್ರಹದ ಮೂಲಕ ಹಲವು ದೇಶಗಳಿಗೆ ಹೋದ ಕಾರ್ಯಕ್ರಮದಲ್ಲಿ, ಬಹುಶಃ ನಾನು ಕೇಳಿದ ಅತ್ಯಂತ ದುಃಖದ ಹಾಡು ಇದು ಎಂಬರ್ಥದ ಮಾತು ಹೇಳಿ ಹಾಡಿದ. ಅದೇ ವರ್ಷ ಕರಿಯರ ‘ಸೋಲ್’ ಸಂಗೀತದ ಗಾಯಕ ಆಲ್ ಗ್ರೀನ್ ಇದನ್ನು ತನ್ನ ದಾರಿಗೆ ಎಳೆದುಕೊಂಡ. ಟೀ-ಟಾಟ್ ಇದ್ದಿದ್ದರೆ ನಕ್ಕಿರುತ್ತಿದ್ದರು ಎಂದು ನನಗೆ ಅನಿಸುತ್ತದೆ. ಮುಪ್ಪಿನ ಕಂಟ್ರಿ ಗಾಯಕ ಜಾನಿ ಕ್ಯಾಶ್, ರಾಕ್ ಗಾಯಕ ನಿಕ್ ಕೇವ್ ಜೊತೆ 2002ರಲ್ಲಿ ಹಾಡಿದ್ದೂ ಇದೆ. 2010ರಲ್ಲಿ ಹ್ಯಾಂಕ್‌ಗೆ ಪುಲಿಟ್ಜರ್ ವಿಶೇಷ ಗೌರವ ಬಂತು. ನನಗೆ ಮಾತ್ರ ಮೂಲವೇ ಸಾಕು. ಎಲ್ವಿಸ್ ದೊಡ್ಡ ಸಭಾಂಗಣಕ್ಕೆ ಹಾಡುತ್ತಾನೆ, ಇದು ಒಬ್ಬನೇ ಕೂತವನ ಹಾಡು.

ಇನ್ನೊಂದು ಮಾತು. ಕಾರಣವೇ ಇಲ್ಲ ಎಂದಿರಲ್ಲ, ಕೊನೆಯ ಚರಣ ಮತ್ತೆ ಕೇಳಿ. ಅಷ್ಟು ಹೊತ್ತು ಹಕ್ಕಿ, ಚಂದ್ರ ಎಂದುಕೊಂಡು ಬಂದವನು ನಕ್ಷತ್ರ ಬಿದ್ದಾಗ ಒಂದೇ ಒಂದು ಸಲ ‘ನೀನೆಲ್ಲಿ’ ಎಂದುಕೊಳ್ಳುತ್ತಾನೆ. ಯಾರೆಂದು ಹೇಳದೆ ಮುಗಿಸುತ್ತಾನೆ.

ರಾತ್ರಿಪಾಳಿ:
ಹನ್ನೊಂದು ಸಲ ಕೇಳಿಯೂ ಆ ‘ನೀನು’ ಕಿವಿಗೆ ಬಿದ್ದಿರಲಿಲ್ಲ. ಈಗ ಬಿತ್ತು. ಬಕೆಟ್ಟಿನ ಹಾಡನ್ನೂ ಹುಡುಕಿ ಕೇಳಿದೆ. ಚೆನ್ನಾಗಿಯೇ ಇದೆ ಸರ್, ಬೈಯಬೇಡಿ.