ಫೋಟೋ ಸ್ಲೈಡ್‌ಶೋ ಮೊಬೈಲ್‌ನಲ್ಲಿ ಚೆನ್ನಾಗಿದೆ, ಟಿವಿಯಲ್ಲಿ ಮಸುಕು. ಯಾಕೆ?

ಪ್ರಶ್ನೆ (ಪೊನ್ನಂಪೇಟೆಯಿಂದ):
ನಮಸ್ಕಾರ ಸರ್. ಅಪ್ಪ ಅಮ್ಮನ ಮದುವೆಯಾಗಿ ಮುಂದಿನ ತಿಂಗಳಿಗೆ 50 ವರ್ಷ. ಅವರಿಗೆ ಗೊತ್ತಾಗದ ಹಾಗೆ 120 ಫೋಟೋ ಸೇರಿಸಿ ಒಂದು ವಿಡಿಯೋ ಮಾಡಿದ್ದೇನೆ. ಮೊಬೈಲ್‌ನಲ್ಲಿ ನೋಡಿದರೆ ತುಂಬಾ ಚೆನ್ನಾಗಿದೆ. ತಮ್ಮನ ಮನೆಯ 55 ಇಂಚಿನ ಟಿವಿಗೆ ಹಾಕಿದರೆ ಮಡಿಕೇರಿ ಮಂಜಿನಲ್ಲಿ ನಿಂತು ತೆಗೆದ ಹಾಗೆ ಎಲ್ಲಾ ಮಬ್ಬು. ತಾತನ ಪೀಚೆಕತ್ತಿಯ (ನಾವು ಕೊಡವರು ಸೊಂಟಕ್ಕೆ ಸಿಕ್ಕಿಸುವ ಬಾಕು) ಬೆಳ್ಳಿ ಕೆತ್ತನೆ ಬರೀ ಬಿಳಿ ಪಟ್ಟಿಯ ಹಾಗೆ ಕಾಣುತ್ತೆ. ಎರಡು ಸಲ ಹೊಸದಾಗಿ ಮಾಡಿದೆ, ಮತ್ತೆ ಅದೇ ಕಥೆ. ದುಡ್ಡು ಕೊಟ್ಟು ಬೇರೆ ಆ್ಯಪ್ ತಗೊಂಡರೆ ಸರಿಹೋಗುತ್ತಾ?

ಉತ್ತರ (ವಿಡಿಯೋ ಎಡಿಟರ್, ಮಡಿಕೇರಿ):
ಅಕ್ಕ, ಆ್ಯಪ್‌ಗೆ ದುಡ್ಡು ಹಾಕಬೇಡಿ, ಸ್ವಲ್ಪ ತಡೀರಿ. ಮೊದಲು ಮೂರು ವಿಷಯ ಹೇಳಿ. ಫೋಟೋಗಳು ನಿಮ್ಮ ಕೈಗೆ ಹೇಗೆ ಬಂದವು? ವಿಡಿಯೋ ಸೇವ್ ಮಾಡುವಾಗ ಯಾವ ಸೈಜ್ ಆರಿಸಿದಿರಿ? ಅದು ತಮ್ಮನ ಟಿವಿಗೆ ಹೇಗೆ ಹೋಯಿತು?

ಇನ್ನೊಂದು ಸಣ್ಣ ಕೆಲಸ ಮಾಡಿ. ಅದೇ ಪೀಚೆಕತ್ತಿ ಫೋಟೋವನ್ನು ಪೆನ್‌ಡ್ರೈವ್‌ಗೆ ಹಾಕಿ, ಅದೇ ಟಿವಿಯಲ್ಲಿ ಬರೀ ಫೋಟೋ ಆಗಿ ತೆರೆದು ನೋಡಿ. ಫೋಟೋ ಚೂಪಾಗಿದ್ದು ವಿಡಿಯೋ ಮಾತ್ರ ಮಸುಕಾಗಿದ್ದರೆ ತಪ್ಪು ವಿಡಿಯೋ ಮಾಡಿದ್ದರಲ್ಲಿದೆ. ಎರಡೂ ಮಸುಕಾಗಿದ್ದರೆ ಫೋಟೋದಲ್ಲಿ, ಇಲ್ಲಾ ಟಿವಿಯಲ್ಲಿ. ಇದು ಗೊತ್ತಾಗದೆ ಏನು ಮಾಡಿದರೂ ಕತ್ತಲಲ್ಲಿ ತಡಕಾಡಿದ ಹಾಗೆ.

ಪ್ರಶ್ನೆ (ಪೊನ್ನಂಪೇಟೆ):
ನೋಡಿದೆ ಸರ್. ಫೋಟೋ ಕೂಡ ಅಷ್ಟೇನೂ ಚೂಪಿಲ್ಲ, ಆದರೆ ವಿಡಿಯೋಗಿಂತ ವಾಸಿ. ಮುಕ್ಕಾಲು ಪಾಲು ಫೋಟೋ ಬೆಂಗಳೂರು, ಮೈಸೂರಿನಲ್ಲಿರೋ ನೆಂಟರು ವಾಟ್ಸಾಪ್‌ನಲ್ಲಿ ಕಳಿಸಿದ್ದು. ಒಂದೊಂದೂ 150, 200 ಕೆಬಿ ಇದೆ. ವಿಡಿಯೋ 720 ಅಂತ ಇತ್ತು, ಹಾಗೇ ಬಿಟ್ಟೆ. ಆಮೇಲೆ ಅದನ್ನು ತಮ್ಮನಿಗೆ ವಾಟ್ಸಾಪ್ ಮಾಡಿದೆ, ಅವನು ಪೆನ್‌ಡ್ರೈವ್‌ಗೆ ಹಾಕಿದ.

ಉತ್ತರ:
ಅಲ್ಲಿಗೆ ಗೊತ್ತಾಯಿತು. ನಿಮ್ಮ ಫೋಟೋ ಮೂರು ಕಡೆ ಸವೆದಿದೆ. ನೆಂಟರಿಂದ ಬರುವಾಗ ಒಂದು ಸಲ, ಆ್ಯಪ್‌ನಿಂದ ಹೊರಗೆ ಬರುವಾಗ ಒಂದು ಸಲ, ತಮ್ಮನಿಗೆ ಹೋಗುವಾಗ ಇನ್ನೊಂದು ಸಲ. ಒಂದು ಕಡೆ ಹೋದ ವಿವರವನ್ನು ಮುಂದೆ ಎಲ್ಲಿಯೂ ವಾಪಸ್ ತರಲು ಆಗಲ್ಲ. ಹಾಗಾಗಿ ಶುರುವಿನಿಂದಲೇ ಬರೋಣ.

ಇವತ್ತಿನ ಸಾಧಾರಣ ಫೋನ್ ತೆಗೆಯುವ ಫೋಟೋ 4000 ಗುಣಿಸು 3000 ಚುಕ್ಕಿ (ಪಿಕ್ಸೆಲ್), ಅಂದರೆ 1 ಕೋಟಿ 20 ಲಕ್ಷ ಚುಕ್ಕಿ. ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದರೆ ಅದು ಉದ್ದದ ಬದಿಗೆ ಸುಮಾರು 1600 ಚುಕ್ಕಿಗೆ ಇಳಿಯುತ್ತದೆ. ಲೆಕ್ಕ ಹಾಕಿ, ಆರರಲ್ಲಿ ಒಂದು ಪಾಲೂ ಉಳಿಯಲ್ಲ. ಅದರ ಮೇಲೆ ಫೈಲ್ ಚಿಕ್ಕದು ಮಾಡಲು ಇನ್ನಷ್ಟು ಹಿಂಡುತ್ತದೆ. ಸೀರೆಯ ಜರಿ, ಕೂದಲು, ಕೆತ್ತನೆ, ಹೆಂಚಿನ ಸಾಲು, ಇಂಥ ಸಣ್ಣ ವಿವರಗಳೇ ಮೊದಲು ಹೋಗೋದು. ಮುಖ ಉಳಿಯುತ್ತದೆ, ಅದಕ್ಕೇ ಮೊಬೈಲ್‌ನ ಆರು ಇಂಚಿನಲ್ಲಿ ನಮಗೆ ಏನೂ ಗೊತ್ತಾಗಲ್ಲ.

ನೆಂಟರಿಗೆಲ್ಲ ಒಂದು ಮಾತು ಹೇಳಿ: ಫೋಟೋವನ್ನು ಗ್ಯಾಲರಿಯಿಂದ ಕಳಿಸಬೇಡಿ, ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿ. ಆಗ ಫೈಲ್ ಇದ್ದ ಹಾಗೇ ಬರುತ್ತದೆ. 200 ಕೆಬಿ ಇದ್ದದ್ದು 3, 4 ಎಂಬಿ ಆಗಿ ಬಂದರೆ ಸರಿಯಾಗಿ ಬಂತು ಅಂತ ಅರ್ಥ. ಗೂಗಲ್ ಡ್ರೈವ್‌ನಲ್ಲಿ ಒಂದು ಫೋಲ್ಡರ್ ಮಾಡಿ ಎಲ್ಲರೂ ಅಲ್ಲೇ ಹಾಕಲಿ ಅಂದರೆ ಇನ್ನೂ ಸುಲಭ. ಫೇಸ್‌ಬುಕ್‌ನಿಂದ ಇಳಿಸಿದ್ದು, ಸ್ಕ್ರೀನ್‌ಶಾಟ್ ತೆಗೆದದ್ದು, ಇವನ್ನು ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ ತಗೊಳ್ಳಿ.

ಎರಡನೆಯದು ವಿಡಿಯೋ ಸೈಜ್. 720 ಅಂದರೆ 1280 ಗುಣಿಸು 720, ಒಟ್ಟು 9 ಲಕ್ಷ ಚುಕ್ಕಿ. ನಿಮ್ಮ ತಮ್ಮನ ಟಿವಿ 4ಕೆ ಆಗಿದ್ದರೆ ಅದರಲ್ಲಿ 3840 ಗುಣಿಸು 2160, ಅಂದರೆ 83 ಲಕ್ಷ ಚುಕ್ಕಿ. 9 ಲಕ್ಷದ ಚಿತ್ರವನ್ನು ಎಳೆದು 83 ಲಕ್ಷದ ಜಾಗ ತುಂಬಬೇಕು, ಮಬ್ಬಾಗದೆ ಇನ್ನೇನಾಗುತ್ತೆ? ಪ್ರಾಜೆಕ್ಟ್ ಶುರು ಮಾಡುವಾಗಲೇ 4ಕೆ ಇಡಿ, ಹೊರಗೆ ತೆಗೆಯುವಾಗಲೂ 4ಕೆ ಇಡಿ. ನಿಮ್ಮ ಫೋನೋ ಕಂಪ್ಯೂಟರೋ ಅಷ್ಟು ಎಳೆಯದಿದ್ದರೆ 1080, ಅಂದರೆ 1920 ಗುಣಿಸು 1080. ಅದಕ್ಕಿಂತ ಕೆಳಗೆ ಬೇಡ. ಕೆಲವು ಆ್ಯಪ್‌ಗಳು ಮೊದಲು ಹಾಕಿದ ಫೋಟೋ ನೋಡಿ ಇಡೀ ಪ್ರಾಜೆಕ್ಟ್‌ನ ಅಳತೆ ಗೊತ್ತುಮಾಡುತ್ತವೆ. ಅದನ್ನು ಕಣ್ಣಿಟ್ಟು ನೋಡಿ.

ಬಿಟ್‌ರೇಟ್ ಅಂತ ಒಂದು ಆಯ್ಕೆ ಇರುತ್ತದೆ. ಒಂದು ಸೆಕೆಂಡಿನ ವಿಡಿಯೋಗೆ ಎಷ್ಟು ಜಾಗ ಕೊಡಬೇಕು ಅಂತ ಹೇಳೋದು ಅದು. 1080ಕ್ಕೆ 8ರಿಂದ 15 ಎಂಬಿಪಿಎಸ್ (ಸೆಕೆಂಡಿಗೆ ಇಷ್ಟು ಮೆಗಾಬಿಟ್; 8 ಮೆಗಾಬಿಟ್ ಸೇರಿದರೆ 1 ಎಂಬಿ), 4ಕೆಗೆ 35ರಿಂದ 45 ಇರಲಿ. ಗುಲಾಬಿ ಎಸಳು ಉದುರೋದು, ಮಿಂಚು ಹಾರೋದು, ಇಂಥ ಎಫೆಕ್ಟ್ ದಯವಿಟ್ಟು ಹಾಕಬೇಡಿ. ಎಸಳು ಒಂದೊಂದು ಕ್ಷಣಕ್ಕೂ ಜಾಗ ಬದಲಿಸುತ್ತಾ ಇರುತ್ತೆ, ಇರುವ ಜಾಗವನ್ನೆಲ್ಲ ಅದೇ ತಿಂದುಬಿಡುತ್ತೆ, ಹಿಂದೆ ಇರುವ ನಿಮ್ಮ ಅಮ್ಮನ ಮುಖಕ್ಕೆ ಏನೂ ಉಳಿಯಲ್ಲ.

ಝೂಮ್ ವಿಷಯ. ಚಿತ್ರ ಮೆಲ್ಲಗೆ ಹತ್ತಿರ ಬರೋದು ಎಲ್ಲರಿಗೂ ಇಷ್ಟ, ನನಗೂ ಇಷ್ಟ. ಆದರೆ 4000 ಚುಕ್ಕಿ ಅಗಲದ ಫೋಟೋ 4ಕೆ ವಿಡಿಯೋದಲ್ಲಿ ಪೂರ್ತಿ ಅಗಲಕ್ಕೆ ನಿಂತಾಗಲೇ ತನ್ನ ಚುಕ್ಕಿಗಳನ್ನೆಲ್ಲ ಖರ್ಚು ಮಾಡಿರುತ್ತದೆ. ನೂರಕ್ಕೆ ಐದೋ ಹತ್ತೋ ಝೂಮ್ ಮಾಡಿದರೆ ಕಣ್ಣಿಗೆ ಗೊತ್ತಾಗಲ್ಲ, ಅದಕ್ಕಿಂತ ಜಾಸ್ತಿ ಹೋದರೆ ಮೆತ್ತಗಾಗುತ್ತದೆ. 1080 ವಿಡಿಯೋದಲ್ಲಿ ಅದೇ ಫೋಟೋವನ್ನು ಎರಡು ಪಟ್ಟು ಹತ್ತಿರ ತಂದರೂ ನಡೆಯುತ್ತದೆ. ವಾಟ್ಸಾಪ್‌ನಿಂದ ಬಂದ 1600ರದ್ದನ್ನು ಮಾತ್ರ ಸುಮ್ನೆ ಅಲುಗಾಡಿಸದೆ ಇಡಿ.

ಕೊನೆಗೆ, ಆದ ವಿಡಿಯೋವನ್ನು ವಾಟ್ಸಾಪ್‌ನಲ್ಲಿ ಕಳಿಸಬೇಡಿ. ಪೆನ್‌ಡ್ರೈವ್‌ಗೆ ನೇರವಾಗಿ ಹಾಕಿ, ಬಸ್ಸಿನಲ್ಲಿ ಯಾರ ಕೈಯಲ್ಲಾದರೂ ಕೊಟ್ಟು ಕಳಿಸಿದರೂ ಪರವಾಗಿಲ್ಲ. 120 ಫೋಟೋ, ತಲಾ 5 ಸೆಕೆಂಡ್, ಒಟ್ಟು 10 ನಿಮಿಷ. 40 ಎಂಬಿಪಿಎಸ್‌ಗೆ ಸುಮಾರು 3 ಜಿಬಿ ಆಗುತ್ತದೆ. ಪೆನ್‌ಡ್ರೈವ್ ಫ್ಯಾಟ್32 ಮಾದರಿಯದ್ದಾದರೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯಲ್ಲ. ನಿಮ್ಮದು ಅದರೊಳಗೇ ಇದೆ.

ಪ್ರಶ್ನೆ (ಸೋಮವಾರಪೇಟೆಯಿಂದ):
ಅಣ್ಣ, ನಮ್ಮದು ಬೇರೆ ಸಮಸ್ಯೆ. ಎಲ್ಲಾ ಹಳೇ ಪ್ರಿಂಟ್. ನಮ್ಮ ಕಡೆ ಮಳೆ ನಿಮಗೆ ಗೊತ್ತೇ ಇದೆ, ಆಲ್ಬಮ್ ಒಳಗೆ ಬೂಷ್ಟು ಹಿಡಿದಿದೆ, ಕೆಲವು ಪ್ಲಾಸ್ಟಿಕ್‌ಗೆ ಅಂಟಿಕೊಂಡಿವೆ. ಮೊಬೈಲ್‌ನಲ್ಲಿ ಫೋಟೋ ಹೊಡೆದರೆ ಬೆಳಕು ಮಿಂಚುತ್ತೆ. ಒಂದು ಫೋಟೋ ಫ್ರೇಮಿನ ಗಾಜಿಗೇ ಅಂಟಿದೆ.

ಉತ್ತರ:
ಗಾಜಿಗೆ ಅಂಟಿದ್ದನ್ನು ಕೀಳಬೇಡಿ. ನೀರು ಹಾಕಿ ಬಿಡಿಸ್ತೀನಿ, ಹೇರ್ ಡ್ರೈಯರ್ ಹಿಡಿತೀನಿ ಅಂತಲೂ ಹೋಗಬೇಡಿ. ಬಣ್ಣದ ಪದರ ಗಾಜಿನಲ್ಲೇ ಉಳಿದು ಬರೀ ಕಾಗದ ಕೈಗೆ ಬರುತ್ತದೆ. ನನ್ನ ಅಜ್ಜಿಯ ಒಂದೇ ಒಂದು ಫೋಟೋ ಹೀಗೇ ಹೋಯಿತು, ಅದಕ್ಕೇ ಇಷ್ಟು ಒತ್ತಿ ಹೇಳ್ತಾ ಇದ್ದೇನೆ. ಗಾಜಿನ ಹೊರಮೈ ಒರೆಸಿ, ಗಾಜಿನ ಮೂಲಕವೇ ಫೋಟೋ ತೆಗೆಯಿರಿ.

ಬೂಷ್ಟಿಗೆ ಸ್ಪಿರಿಟ್, ಒದ್ದೆ ಬಟ್ಟೆ ಬೇಡ. ಫೋಟೋ ಪೂರ್ತಿ ಒಣಗಿದ ಮೇಲೆ, ಮನೆಯ ಹೊರಗೆ ಕೂತು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮೆತ್ತನೆಯ ಬ್ರಶ್ಶಿನಲ್ಲಿ ನಡುವಿನಿಂದ ಅಂಚಿಗೆ ಹಗುರವಾಗಿ ಆಡಿಸಿ. ಅಂಟಿನ ಹಾಳೆಗೆ ಹಿಡಿದುಕೊಂಡಿದ್ದರೆ ಹಲ್ಲಿನ ಸಂದಿಗೆ ಹಾಕುವ ದಾರ ಇದೆಯಲ್ಲ, ಅದನ್ನು ಫೋಟೋದ ಹಿಂದೆ ಗರಗಸದ ಹಾಗೆ ಮೆಲ್ಲಗೆ ಎಳೆದರೆ ಬಿಡುತ್ತದೆ. ಬಿಡದಿದ್ದರೆ ಹಾಳೆಯ ಸಮೇತ ಸ್ಕ್ಯಾನ್ ಮಾಡಿ.

ಸ್ಕ್ಯಾನರ್ ಸಿಕ್ಕರೆ ಅದೇ ಒಳ್ಳೆಯದು. ಜೆರಾಕ್ಸ್ ಅಂಗಡಿಯಲ್ಲಿ ಕೊಟ್ಟರೆ ಅವರು ಕಾಗದ ಪತ್ರಕ್ಕೆ ಇಡುವ 200 ಡಿಪಿಐಯಲ್ಲೇ (ಇಂಚಿಗೆ 200 ಚುಕ್ಕಿ) ಮಾಡಿಕೊಟ್ಟುಬಿಡಬಹುದು. 600 ಡಿಪಿಐ ಅಂತ ಕೇಳಿ. ನಾಲ್ಕು ಗುಣಿಸು ಆರು ಇಂಚಿನ ಪ್ರಿಂಟ್ ಆಗ 3600 ಗುಣಿಸು 2400 ಬರುತ್ತದೆ, 4ಕೆಗೆ ಹತ್ತಿರ ಹತ್ತಿರ ಸಾಕು. ಪಾಸ್‌ಪೋರ್ಟ್ ಸೈಜಿನದ್ದಕ್ಕೆ 1200 ಇಡಿಸಿ. ಪೆಟ್ಟಿಗೆಯಲ್ಲಿ ನೆಗೆಟಿವ್ ಏನಾದರೂ ಇದೆಯಾ ಅಂತ ಒಂದು ಸಲ ಹುಡುಕಿ. ಪ್ರಿಂಟ್ ಎಷ್ಟೇ ಮಾಸಿದ್ದರೂ ನೆಗೆಟಿವ್ ಚೆನ್ನಾಗಿರುವುದುಂಟು. ನೆಗೆಟಿವ್‌ಗೆ 2400 ಡಿಪಿಐ ಬೇಕು.

ಮೊಬೈಲ್‌ನಲ್ಲೇ ತೆಗೆಯೋದಾದರೆ ನಿಮ್ಮ ಮಳೆಗಾಲವೇ ಉಪಕಾರಕ್ಕೆ ಬರುತ್ತದೆ. ಮೋಡದ ಬೆಳಕು ಎಲ್ಲಾ ಕಡೆಯಿಂದ ಒಂದೇ ಸಮ ಬೀಳುತ್ತದೆ. ಬೆಳಗ್ಗೆ ಹತ್ತು ಹನ್ನೊಂದಕ್ಕೆ, ಎರಚಲು ಬೀಳದ ಜಗಲಿಯಲ್ಲಿ ಫೋಟೋವನ್ನು ಚಪ್ಪಟೆಯಾಗಿ ಇಟ್ಟು, ಫ್ಲ್ಯಾಶ್ ಆಫ್ ಮಾಡಿ ತೆಗೆಯಿರಿ. ನಿಮ್ಮ ತಲೆ, ಫೋನು, ಮೇಲಿನ ಟ್ಯೂಬ್‌ಲೈಟು, ಇವುಗಳ ಪ್ರತಿಬಿಂಬ ಫೋಟೋದ ಮೇಲೆ ಕಾಣಿಸಿದರೆ ಫೋನಿನ ಹಿಂದೆ ಒಂದು ಕಪ್ಪು ಬಟ್ಟೆ ಅಡ್ಡ ಹಿಡಿಸಿ. ತೀರಾ ಹತ್ತಿರ ಹೋಗಬೇಡಿ, ಅಂಚು ಬಾಗುತ್ತದೆ. ಸ್ವಲ್ಪ ಮೇಲಿನಿಂದ 2ಎಕ್ಸ್ ಝೂಮ್‌ನಲ್ಲಿ ತೆಗೆಯಿರಿ. ಡಬ್ಬಗಳ ಮೇಲೆ ಫೋನ್ ಇಟ್ಟು ಟೈಮರ್ ಹಾಕಿದರೆ ಕೈ ನಡುಕವೂ ಇಲ್ಲ. ಮೈಮೇಲೆ ಜೇನುಗೂಡಿನಂಥ ಉಬ್ಬು ಇರುವ ಹಳೇ ಸಿಲ್ಕ್ ಪೇಪರ್ ಪ್ರಿಂಟ್‌ಗೆ ಸ್ಕ್ಯಾನರ್‌ಗಿಂತ ಹೀಗೆ ತೆಗೆದದ್ದೇ ಚೆನ್ನಾಗಿ ಬರುತ್ತದೆ. ಸ್ಕ್ಯಾನರ್ ಬೆಳಕು ಒಂದೇ ಕಡೆಯಿಂದ ಬಿದ್ದು ಉಬ್ಬುಗಳನ್ನೆಲ್ಲ ಎತ್ತಿ ತೋರಿಸುತ್ತದೆ.

ಪ್ರಶ್ನೆ (ನಾಪೋಕ್ಲುವಿನಿಂದ):
ಎಐ ಆ್ಯಪ್‌ಗೆ ಹಾಕಿದರೆ ಹಳೇ ಫೋಟೋ ಒಂದೇ ಕ್ಷಣದಲ್ಲಿ ಪಳಪಳ ಅನ್ನುತ್ತಲ್ಲ ಸರ್, ಇಷ್ಟೆಲ್ಲ ಕಷ್ಟ ಯಾಕೆ?

ಉತ್ತರ:
ಪಳಪಳ ಅನ್ನುತ್ತೆ ನಿಜ. ಆದರೆ ಮುಖ ತೀರಾ ಮಸುಕಾಗಿದ್ದರೆ ಅದು ಇಲ್ಲದ ವಿವರವನ್ನು ಊಹಿಸಿ ಬರೆಯುತ್ತದೆ. ಒಬ್ಬರು ಅವರ ಅಜ್ಜಿಯ ಫೋಟೋ ಹೀಗೆ ಮಾಡಿಸಿ ತಂದಿದ್ದರು. ಗಲ್ಲದ ಮಚ್ಚೆ ಹೋಗಿತ್ತು, ಮೂಗುತಿ ಕರಗಿ ಚರ್ಮದಲ್ಲಿ ಸೇರಿತ್ತು, ಇಲ್ಲದ ರೆಪ್ಪೆಗೂದಲು ಬಂದಿತ್ತು. ಅವರ ಚಿಕ್ಕಮ್ಮ ನೋಡಿ "ಇದು ಯಾರು?" ಅಂತ ಕೇಳಿದರು. ಗೆರೆ ತೆಗೆಯೋಕೆ, ಕಲೆ ಅಳಿಸೋಕೆ ಬಳಸಿ. ಮುಖಕ್ಕೆ ಬೇಡ. ಮಸುಕಾದರೂ ಅವರದೇ ಮುಖ ಇರಲಿ.

ಪ್ರಶ್ನೆ (ವಿರಾಜಪೇಟೆಯಿಂದ):
ಸರ್, ನಾನು ನೀವು ಹೇಳಿದ ಹಾಗೇ ಮಾಡಿದ್ದೆ. ಒರಿಜಿನಲ್ ಫೋಟೋ, 1080, ಬಿಟ್‌ರೇಟ್ ಜಾಸ್ತಿ. ಉಳಿದದ್ದೆಲ್ಲ ಚೂಪು, ಆದರೆ ಕುಪ್ಯದ (ಕೊಡವ ಗಂಡಸರ ನಿಲುವಂಗಿ) ಮೇಲಿನ ಕೆಂಪು ಚೇಲೆಯ (ಸೊಂಟಕ್ಕೆ ಸುತ್ತುವ ಪಟ್ಟಿ) ಅಂಚು ಮಾತ್ರ ಒದ್ದೆ ಬಣ್ಣದ ಹಾಗೆ ಹರಡಿದೆ. ಕೆಂಪು ಅಕ್ಷರದಲ್ಲಿ ಹಾಕಿದ ಹೆಸರುಗಳೂ ಹಾಗೇ.

ಉತ್ತರ:
ಒಳ್ಳೇ ಕಣ್ಣು ನಿಮ್ಮದು. ಇದು ನಮ್ಮ ಕೊಡಗಿನ ಮದುವೆ ಫೋಟೋಗಳಲ್ಲಿ ಎದ್ದು ಕಾಣುವ ತೊಂದರೆ, ನನಗೂ ಅರ್ಥವಾಗಲು ವರ್ಷಗಳೇ ಹಿಡಿದವು.

ನಾವು ದಿನಾ ನೋಡುವ ವಿಡಿಯೋಗಳು ಬೆಳಕು ಎಷ್ಟು ಅನ್ನೋದನ್ನು ಒಂದೊಂದು ಚುಕ್ಕಿಗೂ ಬರೆದಿಡುತ್ತವೆ, ಆದರೆ ಬಣ್ಣವನ್ನು ನಾಲ್ಕು ಚುಕ್ಕಿಗೆ ಒಂದೇ ಸಲ ಬರೆಯುತ್ತವೆ. ಜಾಗ ಉಳಿಸಲು ಹಾಗೆ ಮಾಡಿದ್ದಾರೆ. 1080 ವಿಡಿಯೋದಲ್ಲಿ ಬಣ್ಣದ ಲೆಕ್ಕ ಬರೀ 960 ಗುಣಿಸು 540. ಬಿಳಿ ಸೀರೆ, ಹಸಿರು ತೋಟ ಇದ್ದರೆ ಇದು ಗೊತ್ತಾಗಲ್ಲ, ಯಾಕೆಂದರೆ ಅಲ್ಲಿ ಬೆಳಕಿನ ವ್ಯತ್ಯಾಸವೇ ಅಂಚು ತೋರಿಸುತ್ತದೆ. ಕಪ್ಪು ಕುಪ್ಯ, ಕಡು ಕೆಂಪು ಚೇಲೆ, ಎರಡೂ ಗಾಢ. ಅಲ್ಲಿ ಅಂಚನ್ನು ಬಣ್ಣವೇ ತೋರಿಸಬೇಕು, ಆ ಬಣ್ಣ ಒರಟಾಗಿದೆ, ಅದಕ್ಕೇ ಹರಡಿದ ಹಾಗೆ ಕಾಣೋದು. ಶಾರ್ಪ್ ಫಿಲ್ಟರ್ ಎಷ್ಟು ಹಾಕಿದರೂ ಇದಕ್ಕೆ ಉಪಯೋಗ ಇಲ್ಲ.

ಅದೇ ಪ್ರಾಜೆಕ್ಟನ್ನು 4ಕೆಯಲ್ಲಿ ಮಾಡಿ ತೆಗೆಯಿರಿ. ಆಗ ಬಣ್ಣದ ಲೆಕ್ಕ 1920 ಗುಣಿಸು 1080 ಆಗುತ್ತದೆ, ಚೇಲೆಯ ಅಂಚು ನಿಲ್ಲುತ್ತದೆ. ಹೆಸರುಗಳನ್ನು ಬಿಳಿ ಮಾಡಿ, ಸುತ್ತ ತೆಳುವಾದ ಕಪ್ಪು ನೆರಳು ಕೊಡಿ. ಕಪ್ಪಿನ ಮೇಲೆ ಕೆಂಪು ಅಕ್ಷರ ಯಾವತ್ತೂ ಬೇಡ.

ಪ್ರಶ್ನೆ (ಕುಶಾಲನಗರದಿಂದ):
ನಾನು ಪವರ್‌ಪಾಯಿಂಟ್‌ನಲ್ಲಿ ಮಾಡೋದು. ಹಾಲ್‌ನಲ್ಲಿ ಪ್ರೊಜೆಕ್ಟರ್‌ಗೆ ಹಾಕ್ತೀವಿ.

ಉತ್ತರ:
ಪವರ್‌ಪಾಯಿಂಟ್ ಫೈಲ್ ಸೇವ್ ಮಾಡುವಾಗ ಫೋಟೋಗಳನ್ನು ತಾನೇ ಕುಗ್ಗಿಸುತ್ತದೆ. ಆಪ್ಷನ್ಸ್ ಒಳಗೆ ಅಡ್ವಾನ್ಸ್‌ಡ್‌ನಲ್ಲಿ ಚಿತ್ರ ಕುಗ್ಗಿಸಬೇಡ ಅನ್ನೋ ಗುರುತು ಇದೆ, ಫೋಟೋ ಹಾಕುವ ಮೊದಲೇ ಅದನ್ನು ಟಿಕ್ ಮಾಡಿ.

ಪ್ರೊಜೆಕ್ಟರ್ ಬಾಡಿಗೆಗೆ ತರುವಾಗ "1080 ಸಪೋರ್ಟ್ ಮಾಡುತ್ತೆ" ಅಂದರೆ ನಂಬಬೇಡಿ. ಒಳಗೆ 1080 ತಗೊಂಡು, ಹೊರಗೆ 1024 ಗುಣಿಸು 768 ತೋರಿಸುವಂಥದ್ದು ಬೇಕಾದಷ್ಟಿವೆ. ನೇಟಿವ್ ಎಷ್ಟು ಅಂತ ಕೇಳಿ. ಪರದೆಗೆ ನೇರ ಎದುರಿಗೆ ಇಡಿ, ಓರೆ ಇಟ್ಟು ಬಟನ್ನಿನಲ್ಲಿ ಚೌಕ ಸರಿಮಾಡಿದರೆ ಚೂಪು ಕಡಿಮೆಯಾಗುತ್ತದೆ. ಫೋಕಸ್ ಮಾಡುವಾಗ ಮುಖ ನೋಡಬೇಡಿ, ಅಕ್ಷರ ಇರುವ ಸ್ಲೈಡ್ ಇಟ್ಟುಕೊಂಡು ಮಾಡಿ.

ಪೊನ್ನಂಪೇಟೆಯಿಂದ ಮತ್ತೆ:
ಸರ್, 90 ಫೋಟೋ ಒರಿಜಿನಲ್ ಸಿಕ್ಕಿತು. 4ಕೆಯಲ್ಲಿ ಮಾಡಿದೆ, ರಾತ್ರಿ ಇಡೀ ಓಡಿತು. ಇವತ್ತು ತಮ್ಮನ ಟಿವಿಯಲ್ಲಿ ನೋಡಿದೆವು. ಪೀಚೆಕತ್ತಿಯ ಒರೆಯ ಮೇಲಿನ ಹೂವು, ಅದರ ಸಣ್ಣ ಸರಪಳಿ ಎಲ್ಲಾ ಕಾಣ್ತಾ ಇದೆ. ತಮ್ಮ ಎದ್ದು ಹೋಗಿ ಟಿವಿ ಹತ್ತಿರವೇ ನಿಂತು ನೋಡಿದ. ಒಂದೇ ತೊಂದರೆ, ಎಲ್ಲರ ಮುಖದ ಸುತ್ತ ಬಿಳಿ ಗೆರೆ ಇದೆ. ಮೇಲೆ ಹಾಕಿದ ಇಸವಿಯ ಅಂಚೂ ಸ್ವಲ್ಪ ಕಟ್ ಆಗ್ತಿದೆ.

ಉತ್ತರ:
ತುಂಬಾ ಖುಷಿಯಾಯಿತು ಅಕ್ಕ. ಉಳಿದದ್ದು ಟಿವಿಯದು. ಪಿಕ್ಚರ್ ಸೆಟ್ಟಿಂಗ್‌ನಲ್ಲಿ ಶಾರ್ಪ್‌ನೆಸ್ ತುಂಬಾ ಮೇಲಿರಬೇಕು, ಬಿಳಿ ಗೆರೆ ಹೋಗುವ ತನಕ ಇಳಿಸಿ. ಅಂಚು ಕಟ್ ಆಗೋದಕ್ಕೆ ಅಳತೆಯ ಸೆಟ್ಟಿಂಗ್‌ನಲ್ಲಿ ಸ್ಕ್ರೀನ್ ಫಿಟ್ ಅಂತಲೋ ಜಸ್ಟ್ ಸ್ಕ್ಯಾನ್ ಅಂತಲೋ ಇರುತ್ತದೆ, ಅದನ್ನು ಆನ್ ಮಾಡಿ. ಆ ದಿನ ಬೇರೆ ಟಿವಿಯಲ್ಲಿ ಹಾಕೋದಾದರೆ ಹಿಂದಿನ ದಿನವೇ ಹೋಗಿ ಒಂದು ಸಲ ಹಾಕಿ ನೋಡಿ. ಅಪ್ಪ ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ.